ವಾಸ್ಕೋದ ಖಾನಾವಳಿಯಲ್ಲಿ ಫುಟ್‌ಬಾಲ್: ರೊಟ್ಟಿ ಚೆನ್ನ, ರೀಪ್ಲೇ ಇನ್ನೂ ಚೆನ್ನ

ಗೋವೆಯ ವಾಸ್ಕೋದಲ್ಲಿ ಫುಟ್‌ಬಾಲ್ ಹಾಕುವ ಬಾರು, ಹೋಟೆಲುಗಳಿಗೆ ಬರವಿಲ್ಲ. ಆದರೆ ರೆಫರಿ ವಿಸಿಲ್ ಊದಿದ ಮೇಲೆ ಏಳುವ ವಾದವನ್ನು ನೆಟ್ಟಗೆ ನಡೆಸಿಕೊಡುವ ಜಾಗ ಸಿಗುವುದು ಕಷ್ಟ. ಬೈನಾ ಕಡೆ ಹೋಗುವ ದಾರಿಯಲ್ಲಿ ವಿಜಯಪುರ ಸೀಮೆಯ ಕುಟುಂಬವೊಂದು ನಡೆಸುವ ಖಾನಾವಳಿಯ ಮಹಡಿ ಅಂಥ ಜಾಗ. ಕೆಳಗೆ ಊಟ, ಮೇಲೆ ಎರಡು ಟೀವಿ, ಉದ್ದ ಬೆಂಚು, ಗೋಡೆಗೆ ಅಂಟಿಸಿದ ಒಂದು ರಟ್ಟು. ಶನಿವಾರ, ಭಾನುವಾರ ಪ್ರೀಮಿಯರ್ ಲೀಗ್ ಇರುತ್ತದೆ. ಬೆಂಗಳೂರು ಎಫ್‌ಸಿ ಅಥವಾ ಎಫ್‌ಸಿ ಗೋವಾ ಆಡುವ ದಿನ ಬೇರೆ ಏನೂ ಹಾಕುವುದಿಲ್ಲ. ಎರಡೂ ತಂಡ ಎದುರಾದ ದಿನ ಕೂರಲು ಜಾಗ ಬೇಕಿದ್ದರೆ ಆಟ ಶುರುವಾಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಬೇಕು.

ಮೊದಲು ಟೀವಿಗಳ ವಿಷಯ, ಏಕೆಂದರೆ ಈ ಜಾಗದ ಹೆಚ್ಚುಗಾರಿಕೆ ಅಲ್ಲೇ ಇದೆ. ದೊಡ್ಡದಕ್ಕೆ ಡಿಶ್ ಸಂಪರ್ಕ, ಪಕ್ಕದ ಚಿಕ್ಕದಕ್ಕೆ ಇಂಟರ್‌ನೆಟ್‌ನ ಆ್ಯಪ್. ಆ್ಯಪ್ ಹೆಚ್ಚುಕಮ್ಮಿ ಅರ್ಧ ನಿಮಿಷ ಹಿಂದೆ ಓಡುತ್ತದೆ. ಬೇರೆ ಕಡೆ ಇದು ತಲೆನೋವು, ಯಾಕೆಂದರೆ ಒಂದು ಪರದೆಯ ಗೋಲು ಇನ್ನೊಂದರ ಮುಂದೆ ಕೂತವರ ಸ್ವಾರಸ್ಯ ಕೆಡಿಸುತ್ತದೆ. ಇಲ್ಲಿ ಅದನ್ನೇ ಉಪಯೋಗಕ್ಕೆ ತಂದುಕೊಂಡಿದ್ದಾರೆ. ದೊಡ್ಡ ಟೀವಿಯನ್ನು ಯಾರೂ ಮುಟ್ಟುವಂತಿಲ್ಲ, ಅದು ಲೈವ್. ಅನುಮಾನದ ಗೋಲು ಬಿದ್ದರೆ ಚಿಕ್ಕ ಟೀವಿಯಲ್ಲಿ ಅದು ಇನ್ನೂ ಬರಬೇಕಿರುತ್ತದೆ. ರಿಮೋಟ್ ಹಿಡಿದವರು ತಯಾರಾಗಿ ಕೂತು, ಪಾಸ್ ಕೊಡುವ ಕ್ಷಣಕ್ಕೇ ನಿಲ್ಲಿಸುತ್ತಾರೆ. ಲಂಡನ್ನಿನಲ್ಲಿ ವಿಎಆರ್ (ರೆಫರಿಯ ತೀರ್ಪನ್ನು ವಿಡಿಯೊ ನೋಡಿ ಪರಿಶೀಲಿಸುವವರು) ಗೆರೆ ಎಳೆಯುವ ಹೊತ್ತಿಗೆ ಇಲ್ಲಿ ವಾದ ಅರ್ಧ ಮುಗಿದಿರುತ್ತದೆ.

"ಕಾಕಾ, ಬಾಲ್ ಕಾಲ್ ಬಿಟ್ಟ ಮ್ಯಾಲೆ ನಿಲ್ಲಿಸೀರಿ. ಮುಟ್ಟಿದಾಗ ನಿಲ್ಲಸ್ಬೇಕ್ರಿ, ಒಂಚೂರು ಹಿಂದ ತಗೋರಿ" ಎಂದು ಹಿಂದಿನ ಬೆಂಚಿನ ಹುಡುಗ ಹೇಳುತ್ತಾನೆ. ಅವನ ಮಾತು ಸರಿ. ಎದುರಾಳಿಯ ಅರ್ಧದಲ್ಲಿ ಪಾಸ್ ಪಡೆಯುವವನು ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರ ಇದ್ದರೆ ಆಫ್‌ಸೈಡ್. ಅದನ್ನು ಅಳೆಯುವುದು ಪಾಸ್ ಕೊಡುವವನ ಕಾಲು ಚೆಂಡಿಗೆ ಮೊದಲು ತಾಗಿದ ಕ್ಷಣಕ್ಕೆ, ಚೆಂಡು ಕಾಲು ಬಿಟ್ಟು ಹೋದ ಕ್ಷಣಕ್ಕಲ್ಲ. ಸೆಕೆಂಡಿಗೆ 50 ಚಿತ್ರ ಬರುವ ಪ್ರಸಾರದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ 20 ಮಿಲಿಸೆಕೆಂಡ್ ಅಂತರ. ಸೆಕೆಂಡಿಗೆ 8 ಮೀಟರ್ ಓಡುವ ಫಾರ್ವರ್ಡ್ ಅಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಎದುರು ದಿಕ್ಕಿಗೆ 5 ಮೀಟರ್ ವೇಗದಲ್ಲಿ ಹೊರಟಿದ್ದರೆ ಇನ್ನೊಂದು 10 ಸೇರಿ ಒಟ್ಟು 26 ಸೆಂಟಿಮೀಟರ್. ಅಂದರೆ ಒಂದೇ ಒಂದು ಚಿತ್ರ ಆಚೀಚೆ ನಿಲ್ಲಿಸಿದರೂ ಆನ್‌ಸೈಡ್ ಇದ್ದವನು ಗೇಣುದ್ದ ಆಫ್‌ಸೈಡ್ ಕಾಣುತ್ತಾನೆ. ಅಂಗುಲದ ಲೆಕ್ಕದ ಗೋಲುಗಳನ್ನು ಟೀವಿ ನಿಲ್ಲಿಸಿ ತೀರ್ಮಾನಿಸಲಾಗದು ಎಂಬುದಕ್ಕೆ ಇಷ್ಟು ಸಾಕು. 2022ರ ಕತಾರ್ ವಿಶ್ವಕಪ್‌ನಲ್ಲಿ ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿದ್ದುದು, ಚಾವಣಿಯ 12 ಕ್ಯಾಮೆರಾ ಪ್ರತಿ ಆಟಗಾರನ ಮೈಮೇಲಿನ 29 ಗುರುತುಗಳನ್ನು ಸೆಕೆಂಡಿಗೆ 50 ಸಲ ಹಿಡಿಯುತ್ತಿದ್ದುದು ಇದೇ ಕಾರಣಕ್ಕೆ. ಪ್ರೀಮಿಯರ್ ಲೀಗ್ ಹೀಗೆ ಕ್ಯಾಮೆರಾ, ಕಂಪ್ಯೂಟರ್ ಸೇರಿ ಅಳೆಯುವ ಅರೆ ಸ್ವಯಂಚಾಲಿತ ಆಫ್‌ಸೈಡಿಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚಿನ ಗೆರೆಗಳ ಮೇಲೆ ಇಲ್ಲಿ ಯಾರಿಗೂ ಪೂರ್ತಿ ನಂಬಿಕೆ ಇಲ್ಲ, ನನಗೂ ಇಲ್ಲ.

ಇಲ್ಲಿ ಒಂದು ದೋಷ ಇದೆ, ಮಾಲೀಕರು ಇದನ್ನು ಇವತ್ತೇ ಸರಿಪಡಿಸಬಹುದು. ಚಿಕ್ಕ ಟೀವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆನ್ ಆಗಿದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಎಂದು ಅದಕ್ಕೆ ಒಂದೊಂದು ಕಂಪನಿಯ ಒಂದೊಂದು ಹೆಸರು. ಎರಡು ನಿಜವಾದ ಚಿತ್ರಗಳ ನಡುವೆ ಟೀವಿ ತಾನೇ ಲೆಕ್ಕ ಹಾಕಿ ಹೊಸ ಚಿತ್ರ ತುಂಬುತ್ತದೆ. ಓಟ ಚೆಂದ ಕಾಣುತ್ತದೆ, ಆದರೆ ನಿಲ್ಲಿಸಿದಾಗ ಕಾಣುವ ಕಾಲು ಯಾವ ಕ್ಯಾಮೆರಾವೂ ಆ ಜಾಗದಲ್ಲಿ ಹಿಡಿದ ಕಾಲಲ್ಲದೆ ಇರಬಹುದು. ಬೂಟಿನ ಸುತ್ತ ಮಸುಕು ಅಂಚು ಕಂಡರೆ ಅದು ಆ ಸೆಟ್ಟಿಂಗಿನ ಕೆಲಸ ಇರಬಹುದು. ಪಿಕ್ಚರ್ ಮೆನುವಿಗೆ ಹೋಗಿ ಪೂರ್ತಿ ಆಫ್ ಮಾಡಬೇಕು. ಸ್ಪೋರ್ಟ್ಸ್ ಮೋಡ್ ಹಾಕಿದರೆ ಕೆಲವು ಟೀವಿಗಳಲ್ಲಿ ಅದು ಮತ್ತೆ ತಾನಾಗಿ ಆನ್ ಆಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಇನ್ನೊಂದು, ಆ ಸ್ಟೀಲ್ ಸ್ಕೇಲು. ಪರದೆಗೆ ಸ್ಕೇಲ್ ಹಿಡಿದು "ನೋಡ್ರಿ, ಮುಂದ ಅದಾನ" ಎನ್ನುವುದು ಇಲ್ಲಿ ರೂಢಿ, ಮತ್ತು ಅದು ಪ್ರತಿ ಸಲವೂ ತಪ್ಪು. ಮುಖ್ಯ ಕ್ಯಾಮೆರಾ ಇರುವುದು ಮಧ್ಯಗೆರೆಯ ನೇರಕ್ಕೆ, ಡಿಫೆಂಡರನ ನೇರಕ್ಕಲ್ಲ. ಮೈದಾನದಲ್ಲಿ ಸಮಾನಾಂತರವಾದ ಗೆರೆಗಳು ಪರದೆ ಮೇಲೆ ದೂರ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಸ್ಕೇಲನ್ನು ಗೋಲುಗೆರೆಗೆ ಸಮಾನಾಂತರ ಹಿಡಿದರೂ ತಪ್ಪು, ನೆಟ್ಟಗೆ ಹಿಡಿದರೂ ತಪ್ಪು. ಸರಿಯಾಗಿ ಮಾಡಬೇಕಿದ್ದರೆ ಗೋಲುಗೆರೆ ಮತ್ತು ಪೆನಾಲ್ಟಿ ಏರಿಯಾದ ಮುಂದಿನ ಗೆರೆ ಎರಡನ್ನೂ ಮೇಲಕ್ಕೆ ಎಳೆದು, ಅವು ಕೂಡುವ ಬಿಂದುವಿನಿಂದ ಡಿಫೆಂಡರನ ಪಾದಕ್ಕೆ ದಾರ ಹಿಡಿಯಬೇಕು. ಅದೂ ನೆಲಕ್ಕೆ ತಾಗಿರುವ ಪಾದಕ್ಕೆ ಮಾತ್ರ ನಡೆಯುತ್ತದೆ. ಭುಜವೋ ಮೊಣಕಾಲೋ ಮುಂದಿದ್ದರೆ ಅದು ನೆಲದ ಮೇಲೆ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಒಂದೇ ಕ್ಯಾಮೆರಾದಿಂದ ಹೇಳಲಾಗದು. ಕಂಕುಳಿನ ತಳದಿಂದ ಕೆಳಗಿನ ತೋಳು ಆಫ್‌ಸೈಡಿಗೆ ಲೆಕ್ಕಕ್ಕಿಲ್ಲ ಎಂಬುದೂ ನೆನಪಿರಲಿ. ಕೈ ಮುಂದೆ ಚಾಚಿದ್ದನ್ನು ತೋರಿಸಿ ಗಂಟಲು ಹರಿದುಕೊಳ್ಳುವವರು ಇಲ್ಲೂ ಇದ್ದಾರೆ.

ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ವಾದಕ್ಕೆ ಮಾತ್ರ ಇಲ್ಲಿ ಒಳ್ಳೆಯ ಉಪಾಯ ಇದೆ. ರೊಟ್ಟಿ ಊಟದ ಜೊತೆ ಬರುವ ಉಳ್ಳಾಗಡ್ಡಿಯನ್ನು ತಟ್ಟೆಯ ಅಂಚಿನ ಆಚೆ, ಅದರ ಹೊಟ್ಟೆ ಮಾತ್ರ ಅಂಚಿನ ಮೇಲೆ ಬರುವಂತೆ ಇಟ್ಟು ತೋರಿಸುತ್ತಾರೆ. ಓರೆಯಾಗಿ ನೋಡಿದರೆ ಗಡ್ಡೆ ತಟ್ಟೆಯಿಂದ ಪೂರ್ತಿ ಹೊರಗೆ, ನೆಟ್ಟಗೆ ಮೇಲಿಂದ ನೋಡಿದರೆ ಇನ್ನೂ ಅಂಚಿನ ಮೇಲೆ. 2022ರ ಡಿಸೆಂಬರ್ 1ರಂದು ಸ್ಪೇನ್ ವಿರುದ್ಧ ಜಪಾನ್‌ನ ಮಿತೋಮಾ ಹಿಂದಕ್ಕೆಳೆದ ಚೆಂಡು ಇದೇ ತರಹದ್ದು. ನೆಲಕ್ಕೆ ತಾಗಿದ ಭಾಗ ಗೆರೆಯಾಚೆ, ಹೊಟ್ಟೆಯ ಕೂದಲೆಳೆಯಷ್ಟು ಭಾಗ ಗೆರೆಯ ಮೇಲೆ. ಪೂರ್ತಿ ಚೆಂಡು ದಾಟಬೇಕು ಎನ್ನುತ್ತದೆ ನಿಯಮ. ಆ ಚೆಂಡಿನಿಂದ ತನಾಕಾ ಹೊಡೆದ ಗೋಲು ಉಳಿಯಿತು, ಜಪಾನ್ 2–1ರಲ್ಲಿ ಗೆದ್ದಿತು. ಉಳ್ಳಾಗಡ್ಡಿ ನೋಡಿದವರು ಮತ್ತೆ ಆ ಗೋಲಿನ ಬಗ್ಗೆ ತಕರಾರು ತೆಗೆಯುವುದಿಲ್ಲ.

ಗೋಡೆಯ ರಟ್ಟಿನಲ್ಲಿ ಮಾರ್ಕರ್ ಪೆನ್ನಿನಿಂದ ದೊಡ್ಡ ಅಕ್ಷರದಲ್ಲಿ ಬರೆದಿರುವುದು ನಾಲ್ಕೇ ಸಾಲು: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಕಾರ್ಡು ತಪ್ಪು ಆಟಗಾರನಿಗೆ ಹೋದದ್ದು. 2018ರ ಮಾರ್ಚ್‌ನಲ್ಲಿ ವಿಎಆರ್ ನಿಯಮ ಪುಸ್ತಕಕ್ಕೆ ಸೇರಿದಾಗ ಅದಕ್ಕೆ ಕೊಟ್ಟ ಕೆಲಸ ಇಷ್ಟೇ. ಕೆಳಗೆ ಬೇರೆ ಬಣ್ಣದಲ್ಲಿ "ಎದ್ದು ಕಾಣುವ ತಪ್ಪಿಗೆ ಮಾತ್ರ" ಎಂದಿದೆ. ಈ ರಟ್ಟು ಅರ್ಧ ಜಗಳ ಉಳಿಸುತ್ತದೆ. ಉಳಿದರ್ಧಕ್ಕೆ ಇನ್ನೊಂದು ಸಾಲು ಸೇರಿಸಬೇಕು ಎಂಬುದು ನನ್ನ ಸಲಹೆ: ಎಲ್ಲಿ ತಾಗಿತು ಎಂದು ನೋಡಲು ಸ್ಲೋ ಮೋಷನ್, ಎಷ್ಟು ಜೋರಾಗಿ ತಾಗಿತು ಎಂದು ನೋಡಲು ಮಾಮೂಲಿ ವೇಗ. ವಿಎಆರ್ ನಿಯಮದಲ್ಲೇ ಇದು ಇದೆ. ಇಲ್ಲಿ ರಿಮೋಟ್ ಹಿಡಿದವರು ಟ್ಯಾಕಲ್‌ಗಳನ್ನು ತೀರಾ ನಿಧಾನಕ್ಕೆ ಓಡಿಸುತ್ತಾರೆ. ಆ ನಿಧಾನದಲ್ಲಿ ಪ್ರತಿ ಟ್ಯಾಕಲೂ ಬೇಕಂತಲೇ ಒದ್ದಂತೆ, ಚೆಂಡಿಗೆ ತಾಗಿದ ಪ್ರತಿ ಕೈಯೂ ಬೇಕಂತಲೇ ಚಾಚಿದಂತೆ ಕಾಣುತ್ತದೆ. ಎಲ್ಲರೂ ಕೆಂಪು ಕಾರ್ಡು ಕೇಳುತ್ತಾರೆ, ರೆಫರಿಗೆ ಅನ್ಯಾಯವಾಗುತ್ತದೆ.

ರೆಫರಿಗೆ ನ್ಯಾಯ ಸಿಗದ ಇನ್ನೊಂದು ವಿಷಯ, "ನೋಡಿ ತಿರುಗಿ ಕೊಡಬಹುದಿತ್ತಲ್ಲ?" ಎಂಬ ಪ್ರಶ್ನೆ. ಆಟ ಮತ್ತೆ ಶುರುವಾದ ಮೇಲೆ ಗೋಲಿನ ತೀರ್ಪು ತಿರುಗಿಸಲು ಬರುವುದಿಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲು ಹೋದದ್ದು ಹೀಗೆ. ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು. ವಿಎಆರ್ ಕೋಣೆಯಲ್ಲಿದ್ದವರು ಗೋಲು ಕೊಟ್ಟಿದ್ದಾರೆ ಎಂದುಕೊಂಡು, ಪರಿಶೀಲನೆ ಮುಗಿಯಿತು ಎಂದುಬಿಟ್ಟರು. ತಪ್ಪು ಗೊತ್ತಾಗುವ ಹೊತ್ತಿಗೆ ಫ್ರೀಕಿಕ್ ತೆಗೆದಾಗಿತ್ತು. ಗೆರೆ ಸರಿ, ಕ್ಯಾಮೆರಾ ಸರಿ, ಕೆಟ್ಟದ್ದು ಮಾತು. ಯಂತ್ರದ ತಪ್ಪೂ ಆಗುತ್ತದೆ. 2020ರ ಜೂನ್‌ನಲ್ಲಿ ಆಸ್ಟನ್ ವಿಲ್ಲಾ ಕೀಪರ್ ಚೆಂಡಿನ ಸಮೇತ ಗೆರೆಯಾಚೆ ಹೋದಾಗ ಚೆಂಡು ಗೋಲುಗೆರೆ ದಾಟಿದ್ದನ್ನು ಪತ್ತೆ ಹಚ್ಚುವ ಏಳೂ ಕ್ಯಾಮೆರಾಗಳಿಗೆ ಆಟಗಾರರು, ಗೋಲುಕಂಬ ಅಡ್ಡ ಬಂದು, ರೆಫರಿಯ ಗಡಿಯಾರಕ್ಕೆ ಸಂದೇಶವೇ ಬರಲಿಲ್ಲ. ಶೆಫೀಲ್ಡ್ ಯುನೈಟೆಡ್‌ಗೆ ಸಿಗಬೇಕಿದ್ದ ಗೋಲು ಸಿಗಲಿಲ್ಲ.

ನಮ್ಮವರ ನಿಜವಾದ ಬಿಸಿ ಏರುವುದು ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ಆಡಿದ ಎರಡು ಪಂದ್ಯಗಳ ಮಾತು ಬಂದಾಗ. ಎರಡೂ 2023ರ ಮಾರ್ಚ್‌ನವು, ವಿಎಆರ್ ಇಲ್ಲದವು. ಮಾರ್ಚ್ 3ರಂದು ಕಂಠೀರವದಲ್ಲಿ, ಹೆಚ್ಚುವರಿ ಸಮಯದಲ್ಲಿ ಛೆಟ್ರಿ ತಟ್ಟನೆ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದರು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್ ವುಕೊಮನೊವಿಚ್‌ಗೆ 10 ಪಂದ್ಯ ನಿಷೇಧ ಬಿತ್ತು. ಮಾರ್ಚ್ 18ರಂದು ಇಲ್ಲೇ ಗೋವೆಯ ಫತೋರ್ಡಾದಲ್ಲಿ ಫೈನಲ್. 85ನೇ ನಿಮಿಷದಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಸಿಕ್ಕ ಪೆನಾಲ್ಟಿಯಿಂದ 2–2, ಆಮೇಲೆ ಶೂಟೌಟ್‌ನಲ್ಲಿ 4–3ರ ಸೋಲು. "ವಿಎಆರ್ ಇದ್ದಿದ್ರ ಎರಡೂ ಸರಿ ಆಗ್ತಿದ್ವು" ಎಂದು ಇಲ್ಲಿ ಬಹಳ ಮಂದಿ ಹೇಳುತ್ತಾರೆ. ಒಪ್ಪಲಾಗದು. ಫತೋರ್ಡಾದ ಪೆನಾಲ್ಟಿ ಕ್ಯಾಮೆರಾದ ಕೆಲಸ: ತಾಗಿತೇ, ತಾಗಿದ್ದು ಗೆರೆಯ ಒಳಗೋ ಹೊರಗೋ, ಇದು ನೋಡಿ ಹೇಳುವಂಥದ್ದು. (ಗೆರೆಯೂ ಪೆನಾಲ್ಟಿ ಏರಿಯಾಕ್ಕೇ ಸೇರಿದ್ದು.) ಕಂಠೀರವದ್ದು ಹಾಗಲ್ಲ. ತಟ್ಟನೆ ಫ್ರೀಕಿಕ್ ತೆಗೆಯಲು ನಿಯಮದಲ್ಲಿ ಅವಕಾಶ ಇದೆ, ವಿಸಿಲಿಗೆ ಕಾಯಿರಿ ಎಂದು ರೆಫರಿ ಹೇಳಿದ್ದರೆ ಮಾತ್ರ ಇಲ್ಲ. ಅಲ್ಲಿನ ಜಗಳ ಪೂರ್ತಿ ರೆಫರಿ ಏನು ಹೇಳಿದರು, ಯಾರಿಗೆ ಹೇಳಿದರು ಎಂಬುದರ ಮೇಲೆ. ಎಷ್ಟು ಕ್ಯಾಮೆರಾ ಇಟ್ಟರೂ ಅದು ಕಾಣುವುದಿಲ್ಲ, ರೆಫರಿಯ ಮೈಕ್ ಕೇಳಿಸಿದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ನಮ್ಮ ಲೀಗ್‌ಗೆ ಏನು ಬೇಕು ಎಂದರೆ, ಗೆರೆ ಎಳೆಯುವ ಯಂತ್ರಕ್ಕಿಂತ ಮೊದಲು ಮಾತು ಕೇಳಿಸುವ ಏರ್ಪಾಡು ಬೇಕು. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ವಿಎಆರ್ ತೀರ್ಪನ್ನು ಮೈಕಿನಲ್ಲೇ ಹೇಳಿದರು, ಇಡೀ ಸ್ಟೇಡಿಯಂ ಕೇಳಿತು.

ಇದೇ ಊರಿನ ತಿಲಕ್ ಮೈದಾನದಂಥ ಕಡೆಗೆ ಪೂರ್ತಿ ವಿಎಆರ್ ತರುವುದು ದುಬಾರಿ, ಬೇಕಾಗಿಯೂ ಇಲ್ಲ. ಫಿಫಾದವರ ಫುಟ್‌ಬಾಲ್ ವಿಡಿಯೊ ಸಪೋರ್ಟ್ ಹೆಚ್ಚು ಹೊಂದುತ್ತದೆ. ಅದರಲ್ಲಿ ಪ್ರತ್ಯೇಕ ವಿಡಿಯೊ ರೆಫರಿಗಳಿಲ್ಲ. ಕೋಚ್ ಬೆರಳು ತಿರುಗಿಸಿ, ನಾಲ್ಕನೇ ಅಧಿಕಾರಿಗೆ ಕಾರ್ಡ್ ಕೊಟ್ಟು ಕೇಳಬೇಕು, ರೆಫರಿ ತಾವೇ ಮಾನಿಟರ್ ನೋಡಬೇಕು. ಪ್ರತಿ ತಂಡಕ್ಕೂ ಪಂದ್ಯಕ್ಕೆ ಎರಡು ಅವಕಾಶ, ತೀರ್ಪು ತಿರುಗಿದರೆ ಅವಕಾಶ ಉಳಿಯುತ್ತದೆ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಇದನ್ನು ಬಳಸಿದ್ದಾರೆ.

ಊಟದ ಬಗ್ಗೆ ಹೇಳದಿದ್ದರೆ ಅಡುಗೆಮನೆಯವರಿಗೆ ಮೋಸವಾದೀತು. ಜೋಳದ ರೊಟ್ಟಿ ಬಿಸಿಯದೂ ಸಿಗುತ್ತದೆ, ಖಡಕ್ಕೂ ಸಿಗುತ್ತದೆ. ಮ್ಯಾಚ್ ನೋಡುತ್ತ ತಿನ್ನಲು ಖಡಕ್ ವಾಸಿ, ಆರಿದರೂ ಚರ್ಮದ ಹಾಗೆ ಆಗುವುದಿಲ್ಲ. ಎಣ್ಣೆಗಾಯಿಗೆ ಗುರೆಳ್ಳು ಧಾರಾಳ. ಗಿರ್ಮಿಟ್ ಮಾತ್ರ ಎಚ್ಚರಿಕೆಯಿಂದ ತರಿಸಿ. ಗೋವೆಯ ತೇವಕ್ಕೆ ಮಂಡಕ್ಕಿ ಕಲಸಿದ ಕೆಲವೇ ನಿಮಿಷದಲ್ಲಿ ಮೆತ್ತಗಾಗುತ್ತದೆ, ಮೇಲೆ ತಂದು ಕಲಸಿಕೊಡಲು ಹೇಳಿದರೆ ಮಾಡಿಕೊಡುತ್ತಾರೆ. ಇಲ್ಲಿನವರಿಗಾಗಿ ಇಟ್ಟಿರುವ, ಗ್ರೇವಿ ಸುರಿದು ಕೊಡುವ ರೋಸ್ ಆಮ್ಲೆಟ್ ಸಾಧಾರಣ, ಗ್ರೇವಿಯಲ್ಲಿ ಕೊಬ್ಬರಿ ಕಡಿಮೆ. ಅಡುಗೆಮನೆ ಒಂದೇ, ಹಾಫ್‌ಟೈಮ್ 15 ನಿಮಿಷ. 35ನೇ ನಿಮಿಷಕ್ಕೇ ಆರ್ಡರ್ ಹೇಳಿದರೆ ಹಾಫ್‌ಟೈಮಿಗೆ ತಟ್ಟೆ ಬರುತ್ತದೆ. ವಿಸಿಲ್ ಊದಿದ ಮೇಲೆ ಹೇಳಿದರೆ ಎರಡನೇ ಅರ್ಧದ ನಡುವೆ ತಟ್ಟೆ ಹೊತ್ತವರು ಪರದೆಗೆ ಅಡ್ಡ ನಿಲ್ಲುತ್ತಾರೆ.

ಕೂರಲು ಎರಡನೇ ಸಾಲಿನ ಬಲತುದಿ ಒಳ್ಳೆಯದು, ಎರಡೂ ಪರದೆ ಕಾಣುತ್ತವೆ. ಎಡಗಡೆಯ ಫ್ಯಾನಿನ ಸದ್ದಿಗೆ ಕಾಮೆಂಟರಿ ಕೇಳಿಸದು. ಚಳಿಗಾಲದಲ್ಲಿ ಇಂಗ್ಲೆಂಡಿನ ಮಧ್ಯಾಹ್ನ 3ರ ಪಂದ್ಯ ನಮಗೆ ರಾತ್ರಿ 8:30ಕ್ಕೆ, ಅದು ಪೂರ್ತಿ ಸಿಗುತ್ತದೆ. ಅಲ್ಲಿನ ಸಂಜೆ 5:30ರದು ಇಲ್ಲಿ 11ಕ್ಕೆ ಶುರುವಾಗುವುದರಿಂದ ಹಾಫ್‌ಟೈಮಿಗೆ ಶಟರ್ ಎಳೆಯುತ್ತಾರೆ. ಚಾಂಪಿಯನ್ಸ್ ಲೀಗ್‌ನ ರಾತ್ರಿ 1:30ರ ಪಂದ್ಯಗಳು ಇಲ್ಲವೇ ಇಲ್ಲ, ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದರೆ ವಿವಾದದ ತುಣುಕುಗಳನ್ನು ಚಿಕ್ಕ ಟೀವಿಯಲ್ಲಿ ಹಾಕಿಕೊಡುತ್ತಾರೆ.