ಫೋರ್ಕ್ ವೇಗ ಅಳೆಯಲು ಸ್ಪ್ರೆಡಿಂಗ್, ಕೋಂಬಿಂಗ್, ನ್ಯಾನೋಪೋರ್: ಮೂರನ್ನೂ ಬಳಸಿದ ಮೇಲೆ ನನ್ನ ಲೆಕ್ಕ

ಡಿಎನ್‌ಎ ನಕಲಾಗುವ ವೇಗ ಅಳೆಯಬೇಕು, ಯಾವ ವಿಧಾನ ಹಿಡಿಯಲಿ? ಲ್ಯಾಬಿಗೆ ಹೊಸದಾಗಿ ಬಂದವರು ಇದನ್ನು ಕೇಳದೆ ಬಿಡುವುದಿಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಪ್ರಶ್ನೆಗಳಿಗೆ ಗಾಜಿನ ಮೇಲೆ ಡಿಎನ್‌ಎ ಹರಿಯಬಿಡುವ ಹಳೆಯ ಸ್ಪ್ರೆಡಿಂಗ್ ಸಾಕು. ಒರಿಜಿನ್‌ಗಳ, ಅಂದರೆ ನಕಲು ಶುರುವಾಗುವ ಜಾಗಗಳ, ನಡುವಿನ ದೂರ ಬೇಕಾದರೆ ಎಳೆಗಳನ್ನು ಗಾಜಿನ ಮೇಲೆ ಬಾಚಿದ ಹಾಗೆ ನೇರ ಮಾಡುವ ಕೋಂಬಿಂಗ್ ಮಾಡಿ. ಜಿನೋಮಿನ ಯಾವ ಜಾಗದಲ್ಲಿ ಏನಾಯಿತು ಎಂಬುದೇ ಪ್ರಶ್ನೆಯಾದರೆ ಡಿಎನ್‌ಎಯನ್ನು ಸಣ್ಣ ರಂಧ್ರದಲ್ಲಿ ಹಾಯಿಸಿ ಓದುವ ನ್ಯಾನೋಪೋರ್, ಅದೂ ಜಿನೋಮ್ ಚಿಕ್ಕದಿದ್ದರೆ. ಹೊಸದು ಬಂತು ಅಂತ ಹಳೆಯದನ್ನು ಮೂಲೆಗೆ ಹಾಕುವ ಕಾಲ ಇನ್ನೂ ಬಂದಿಲ್ಲ.

ಇದನ್ನು ಅಳೆಯುವುದಾದರೂ ಯಾಕೆ? ಮನುಷ್ಯನ ಒಂದು ಕೋಶ ಎರಡಾಗುವ ಮೊದಲು 600 ಕೋಟಿಗೂ ಹೆಚ್ಚು ಬೇಸ್ ಜೋಡಿಗಳನ್ನು ನಕಲು ಮಾಡಬೇಕು. ಅದಕ್ಕೆ ಸಿಗುವ ಸಮಯ ಸುಮಾರು 8 ಗಂಟೆ. ಹಾಗಾಗಿ ಸಾವಿರಾರು ಒರಿಜಿನ್‌ಗಳಲ್ಲಿ ಕೆಲಸ ಶುರುವಾಗುತ್ತದೆ. ಪ್ರತಿಯೊಂದರಿಂದ ಎರಡು ಫೋರ್ಕ್‌ಗಳು, ಅಂದರೆ ಡಿಎನ್‌ಎ ಬಿಚ್ಚಿಕೊಂಡು ನಕಲಾಗುತ್ತಿರುವ ಕವಲುಗಳು, ಒಂದಕ್ಕೊಂದು ಬೆನ್ನು ಹಾಕಿ ಹೊರಡುತ್ತವೆ. ಒಂದು ಫೋರ್ಕ್ ನಿಮಿಷಕ್ಕೆ ಹೆಚ್ಚುಕಡಿಮೆ 1ರಿಂದ 2 ಕಿಲೋಬೇಸ್ (ಒಂದು ಕಿಲೋಬೇಸ್ ಅಂದರೆ ಸಾವಿರ ಬೇಸ್) ಸಾಗುತ್ತದೆ. ಅದು ನಿಧಾನವಾದರೆ, ಸಿಕ್ಕಿಕೊಂಡರೆ, ಹಿಂದೆ ಗ್ಯಾಪ್ ಬಿಟ್ಟು ಮುಂದೆ ಹೋದರೆ ಕೊನೆಗೆ ಕ್ರೋಮೋಸೋಮ್ ಮುರಿಯುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಇದು ಮಾಮೂಲಿ. ಕ್ಯಾನ್ಸರಿನ ಹಲವು ಔಷಧಗಳು ಹೊಡೆಯುವುದೂ ಇಲ್ಲೇ.

ಸ್ಪ್ರೆಡಿಂಗ್ ಮತ್ತು ಕೋಂಬಿಂಗ್ ಎರಡಕ್ಕೂ ಶುರು ಒಂದೇ. ಜೀವಂತ ಕೋಶಗಳಿಗೆ ಮೊದಲು ಸಿಎಲ್‌ಡಿಯು, ಆಮೇಲೆ ಐಡಿಯು ಕೊಡುತ್ತೇವೆ, ಸಾಮಾನ್ಯವಾಗಿ ತಲಾ 20 ನಿಮಿಷ. ನಕಲು ಮಾಡುವ ಎಂಜೈಮ್ ಪಾಲಿಮರೇಸ್ ಇವನ್ನು ಡಿಎನ್‌ಎ ಕಟ್ಟುವ ಥೈಮಿಡಿನ್ ಅಂದುಕೊಂಡು ಹೊಸ ಎಳೆಗೆ ಸೇರಿಸುತ್ತದೆ. ಆಮೇಲೆ ಇವನ್ನು ಹಿಡಿಯುವ ಎರಡು ಆಂಟಿಬಾಡಿ ಹಾಕಿದರೆ ಸಿಎಲ್‌ಡಿಯುವಿನ ಕೆಂಪು ಗೆರೆ, ಅದರ ಬಾಲಕ್ಕೆ ಐಡಿಯುವಿನ ಹಸಿರು ಗೆರೆ ಕಾಣುತ್ತದೆ. ಅದು ಓಡುತ್ತಿರುವ ಫೋರ್ಕ್. ಬರೀ ಕೆಂಪು ಇದ್ದರೆ ನಿಂತುಹೋದ ಫೋರ್ಕ್, ಇಲ್ಲವೇ ಕೆಲಸ ಮುಗಿಸಿದ್ದು. ಮಧ್ಯೆ ಕೆಂಪು, ಎರಡೂ ಕಡೆ ಹಸಿರು ಇದ್ದರೆ ಅಲ್ಲೊಂದು ಒರಿಜಿನ್ ಎದ್ದಿದೆ. ವ್ಯತ್ಯಾಸ ಇರುವುದು ಆ ಡಿಎನ್‌ಎಯನ್ನು ಗಾಜಿನ ಮೇಲೆ ಮಲಗಿಸುವ ರೀತಿಯಲ್ಲಿ ಮಾತ್ರ.

ಸ್ಪ್ರೆಡಿಂಗ್‌ನಲ್ಲಿ ಸ್ಲೈಡಿನ ಒಂದು ತುದಿಗೆ ಕೋಶಗಳ ಹನಿ ಇಟ್ಟು, ಕೋಶ ಒಡೆಯುವ, ಎಸ್‌ಡಿಎಸ್ ಇರುವ ಲೈಸಿಸ್ ಬಫರ್ ಬೆರೆಸಿ, ಸ್ಲೈಡನ್ನು ಸುಮಾರು 15 ಡಿಗ್ರಿ ವಾಲಿಸುತ್ತೇವೆ. ಹನಿ ಕೆಳಗೆ ಇಳಿಯುತ್ತಾ ಡಿಎನ್‌ಎಯನ್ನು ಎಳೆದುಕೊಂಡು ಹೋಗುತ್ತದೆ. ಅಷ್ಟೇ. ಬೆಳಿಗ್ಗೆ ಲೇಬಲ್ ಮಾಡಿದರೆ ಅದೇ ದಿನ ಸ್ಲೈಡ್ ಕೈಯಲ್ಲಿರುತ್ತದೆ. ಕೋಶಗಳೂ ಜಾಸ್ತಿ ಬೇಡ. ಹತ್ತಾರು ಸ್ಯಾಂಪಲ್‌ಗಳನ್ನು ಒಟ್ಟಿಗೆ ಹಿಡಿಯಬಹುದು. ಔಷಧದ ನಾಲ್ಕು ಪ್ರಮಾಣ, ಮೂರು ಜೀನ್ ಕೆಡಿಸಿದ ಕೋಶಗಳು ಅಂತ ಲೆಕ್ಕ ಬೆಳೆದಾಗ ಇದರ ಬೆಲೆ ಗೊತ್ತಾಗುತ್ತದೆ.

ತೊಂದರೆ ಏನೆಂದರೆ ಹನಿ ಎಲ್ಲಾ ಕಡೆ ಒಂದೇ ಬಲದಲ್ಲಿ ಎಳೆಯುವುದಿಲ್ಲ. ಸ್ಲೈಡಿನ ಮೇಲ್ಭಾಗದಲ್ಲಿ ಎಳೆಗಳು ಗೋಜಲು, ಕೆಳಗೆ ಬರುತ್ತಾ ಬಿಡಿಬಿಡಿ. ಹನಿ ಎಷ್ಟು ಆರಿದಾಗ ಬಫರ್ ಹಾಕಿದಿರಿ, ಗಾಳಿಯಲ್ಲಿ ಎಷ್ಟು ತೇವ ಇತ್ತು, ಎಲ್ಲವೂ ಫಲಿತಾಂಶದಲ್ಲಿ ಕಾಣುತ್ತದೆ. ಮೈಕ್ರೋಮೀಟರನ್ನು ಕಿಲೋಬೇಸ್ ಮಾಡಲು ಎಲ್ಲರೂ ಬಳಸುವ ಅಂಕಿ 2.59. ಜಾಕ್ಸನ್ ಮತ್ತು ಪೊಂಬೊ 1998ರಲ್ಲಿ ಕೊಟ್ಟಿದ್ದು. ನಿಮ್ಮ ಸ್ಲೈಡ್ ಕೂಡ ಅವತ್ತು ಅಷ್ಟೇ ಎಳೆದಿದೆ ಅನ್ನುವುದಕ್ಕೆ ಏನು ಖಾತರಿ? ಅದಕ್ಕೇ ಸ್ಪ್ರೆಡಿಂಗ್‌ನಿಂದ ಬಂದ 'ನಿಮಿಷಕ್ಕೆ ಇಷ್ಟು ಕಿಲೋಬೇಸ್' ಎಂಬ ಅಂಕಿಯನ್ನು ನಾನು ಅರ್ಧ ನಂಬುತ್ತೇನೆ. ಒಂದೇ ದಿನ, ಒಂದೇ ಕೈ ಮಾಡಿದ ಎರಡು ಸ್ಲೈಡ್‌ಗಳ ಅನುಪಾತವನ್ನು ಪೂರ್ತಿ ನಂಬುತ್ತೇನೆ.

ಕೋಂಬಿಂಗ್ ಈ ತೊಂದರೆಯನ್ನು ಬೇರಿನಲ್ಲೇ ತೆಗೆಯುತ್ತದೆ. ಬೆನ್ಸಿಮನ್ ಮತ್ತು ಜೊತೆಗಾರರು 1994ರಲ್ಲಿ ತೋರಿಸಿದ ವಿಧಾನ ಇದು. ಕೋಶಗಳನ್ನು ಅಗರೋಸ್ ಪ್ಲಗ್ ಎಂಬ ಜೆಲ್ಲಿ ತುಂಡಿನಲ್ಲಿ ಹುದುಗಿಸಿ, ಪ್ರೋಟೀನೇಸ್ ಕೆ ಹಾಕಿ ಪ್ರೋಟೀನ್ ಕರಗಿಸಿ, ಆಮೇಲೆ ಅಗರೋಸನ್ನೂ ಕರಗಿಸಬೇಕು. ಉಳಿದ ಡಿಎನ್‌ಎ ದ್ರಾವಣದಲ್ಲಿ ಸೈಲೇನ್ ಲೇಪಿಸಿದ ಕವರ್‌ಸ್ಲಿಪ್ ಅದ್ದಿ, ಸೆಕೆಂಡಿಗೆ 300 ಮೈಕ್ರೋಮೀಟರ್ ವೇಗದಲ್ಲಿ ಮೇಲಕ್ಕೆ ಎಳೆಯಬೇಕು. ಡಿಎನ್‌ಎಯ ತುದಿ ಗಾಜಿಗೆ ಅಂಟುತ್ತದೆ, ನೀರಿನ ಅಂಚು ಉಳಿದ ಭಾಗವನ್ನು ನೇರ ಮಾಡುತ್ತದೆ. ಎಲ್ಲಾ ಎಳೆಗಳಿಗೂ ಒಂದೇ ಎಳೆತ, 1 ಮೈಕ್ರೋಮೀಟರಿಗೆ 2 ಕಿಲೋಬೇಸ್. ಮೈಕ್ರೋಸ್ಕೋಪಿನಲ್ಲಿ ಬಾಚಿದ ಕೂದಲಿನ ಹಾಗೆ ಸಾಲಾಗಿ ಕಾಣುತ್ತವೆ. ಮೊದಲ ಸಲ ನೋಡಿದವರಿಗೆ ಸ್ಪ್ರೆಡಿಂಗ್ ಸ್ಲೈಡ್ ಮತ್ತೆ ಮುಟ್ಟುವ ಮನಸ್ಸೇ ಬರುವುದಿಲ್ಲ.

ಆದರೆ ಪ್ಲಗ್‌ನಿಂದ ಚಿತ್ರದವರೆಗೆ ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಬಫರಿನ ಪಿಎಚ್ 5.5ರ ಆಸುಪಾಸಿನಲ್ಲೇ ನಿಲ್ಲಬೇಕು. ಕೆಳಗಿಳಿದರೆ ಡಿಎನ್‌ಎ ಮೈಯೆಲ್ಲ ಅಂಟಿಕೊಳ್ಳುತ್ತದೆ, ಮೇಲೇರಿದರೆ ಅಂಟುವುದೇ ಇಲ್ಲ. ಕವರ್‌ಸ್ಲಿಪ್‌ಗಳ ಗುಣ ಬ್ಯಾಚ್‌ನಿಂದ ಬ್ಯಾಚ್‌ಗೆ ಬದಲಾಗುತ್ತದೆ. ಎಳೆಯುವ ಯಂತ್ರ ಬೇರೆ ಬೇಕು. ಪ್ಲಗ್ ಕರಗಿದ ಮೇಲೆ ಪಿಪೆಟ್ಟಿನಲ್ಲಿ ಜೋರಾಗಿ ಕಲಕಿದರೆ ಉದ್ದದ ಎಳೆಗಳೆಲ್ಲ ತುಂಡು. ಅಷ್ಟು ದಿನದ ಕೆಲಸ ನೀರಿನಲ್ಲಿ ಹೋಮ.

ಒಂದೇ ಪ್ರಯೋಗವನ್ನು ಎರಡರಲ್ಲೂ ಮಾಡಿ ನೋಡಿದೆ. ಆರ್‌ಪಿಇ1 ಎಂಬ ಮನುಷ್ಯನ ಕೋಶಗಳು, ಕಡಿಮೆ ಪ್ರಮಾಣದ ಹೈಡ್ರಾಕ್ಸಿಯೂರಿಯ. ಅದು ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸನ್ನು ತಡೆದು ಡಿಎನ್‌ಎ ಕಟ್ಟುವ ಸಾಮಗ್ರಿಯನ್ನೇ ಕಡಿಮೆ ಮಾಡುತ್ತದೆ. ಎರಡರಲ್ಲೂ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ಸ್ಪ್ರೆಡಿಂಗ್‌ನಲ್ಲಿ ಗ್ರಾಫಿನ ಚುಕ್ಕೆಗಳು ಜಾಸ್ತಿ ಚದುರಿದ್ದವು, ಕೋಂಬಿಂಗ್‌ನಲ್ಲಿ ಒತ್ತಾಗಿದ್ದವು. ತೀರ್ಮಾನ ಮಾತ್ರ ಒಂದೇ. 'ಈ ಔಷಧ ಫೋರ್ಕನ್ನು ನಿಧಾನ ಮಾಡುತ್ತದಾ' ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಆ ಒಂದು ವಾರ ಸುಮ್ನೆ ಹೋದ ಹಾಗೆ.

ಹಾಗಾದರೆ ಕೋಂಬಿಂಗ್ ಗೆಲ್ಲುವುದು ಎಲ್ಲಿ? ಒರಿಜಿನ್ ಲೆಕ್ಕದಲ್ಲಿ. ಮನುಷ್ಯನ ಕೋಶಗಳಲ್ಲಿ ಎರಡು ಒರಿಜಿನ್‌ಗಳ ನಡುವೆ ಸರಾಸರಿ 100 ಕಿಲೋಬೇಸ್ ಆಸುಪಾಸು ದೂರ ಇರುತ್ತದೆ. ಅದನ್ನು ಅಳೆಯಲು ಒಂದೇ ಮುರಿಯದ ಎಳೆಯ ಮೇಲೆ ಎರಡು ಒರಿಜಿನ್ ಸಿಗಬೇಕು. ಎಳೆ ತುಂಡಾಗಿದ್ದರೆ ಹತ್ತಿರ ಇರುವ ಜೋಡಿಗಳು ಮಾತ್ರ ಕಣ್ಣಿಗೆ ಬೀಳುತ್ತವೆ, ದೂರ ಇರುವವು ಲೆಕ್ಕದಿಂದ ಹೊರಗೆ. ಆಗ ಸರಾಸರಿ ತಾನಾಗಿ ಚಿಕ್ಕದಾಗುತ್ತದೆ. ಸ್ಪ್ರೆಡಿಂಗ್‌ನಲ್ಲಿ ಎಳೆ ಎಲ್ಲಿ ಮುಗಿಯಿತು ಅನ್ನುವುದೇ ಸರಿಯಾಗಿ ಕಾಣದು. ಅದರಿಂದ ಬಂದ ಒರಿಜಿನ್ ದೂರಗಳನ್ನು ಪೇಪರುಗಳಲ್ಲಿ ಕಂಡರೆ ನಾನು ಪಕ್ಕಕ್ಕಿಡುತ್ತೇನೆ. ಕೋಂಬಿಂಗ್‌ನಲ್ಲೂ ಇಡೀ ಎಳೆಗೆ ಬೇರೆ ಬಣ್ಣ ಹಾಕಿ ಉದ್ದ ಬರೆದುಕೊಳ್ಳುವುದು ಕಡ್ಡಾಯ.

ಒರಿಜಿನ್ ಲೆಕ್ಕ ಇಲ್ಲದೆ ವೇಗಕ್ಕೆ ಅರ್ಥ ಹೇಳುವುದು ಕಷ್ಟ. ಒರಿಜಿನ್‌ಗಳನ್ನು ಹತೋಟಿಯಲ್ಲಿಡುವ ಸಿಎಚ್‌ಕೆ1 ಎಂಬ ಎಂಜೈಮನ್ನು ತಡೆದರೆ ಮಲಗಿದ್ದ ಒರಿಜಿನ್‌ಗಳು ಎದ್ದುಬಿಡುತ್ತವೆ. ಸಾಮಗ್ರಿ ಎಲ್ಲರಿಗೂ ಹಂಚಿಹೋಗಿ ಫೋರ್ಕ್‌ಗಳು ನಿಧಾನವಾಗಬಹುದು. ಫೋರ್ಕ್ ನಿಧಾನವಾದಾಗಲೂ ಮಲಗಿದ್ದ ಒರಿಜಿನ್ ಏಳುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು? ಬರೀ ಗೆರೆಯ ಉದ್ದ ನೋಡಿದರೆ ಎರಡೂ ಒಂದೇ ಥರ.

ಇದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಎಫ್‌ಆರ್‌ಎ3ಬಿ. ಎಫ್‌ಎಚ್‌ಐಟಿ ಜೀನಿನೊಳಗೆ ಇರುವ, ಬೇಗ ಮುರಿಯುವ ಜಾಗ. ಅಲ್ಲಿ ಫೋರ್ಕ್‌ಗಳು ಸಿಕ್ಕಿಕೊಳ್ಳುತ್ತವೆ, ಅದಕ್ಕೇ ಮುರಿಯುತ್ತದೆ ಅನ್ನುವುದು ಮೊದಲಿನ ಗ್ರಹಿಕೆ. 2011ರಲ್ಲಿ ನೇಚರ್‌ನಲ್ಲಿ ಬಂದ ಅಧ್ಯಯನ ಕೋಂಬಿಂಗ್ ಜೊತೆಗೆ ಫಿಶ್ ಪ್ರೋಬ್ (ಬೇಕಾದ ಜಾಗಕ್ಕೆ ಮಾತ್ರ ಅಂಟುವ ಬಣ್ಣದ ಡಿಎನ್‌ಎ ತುಣುಕು) ಸೇರಿಸಿ ಆ ಜಾಗದ ಎಳೆಗಳನ್ನೇ ಹುಡುಕಿ ಅಳೆಯಿತು. ಫೋರ್ಕ್‌ನ ವೇಗದಲ್ಲಿ ದೋಷ ಇರಲಿಲ್ಲ. ಲಿಂಫೋಬ್ಲಾಸ್ಟ್ ಕೋಶಗಳಲ್ಲಿ ಆ ಉದ್ದದ ಪ್ರದೇಶದ ನಡುವೆ ಒರಿಜಿನ್‌ಗಳೇ ಕಡಿಮೆ. ಆಚೀಚೆಯಿಂದ ಬರುವ ಫೋರ್ಕ್‌ಗಳು ದೂರ ಕ್ರಮಿಸಬೇಕು, ಹೊತ್ತು ಸಾಲುವುದಿಲ್ಲ. ಫೈಬ್ರೋಬ್ಲಾಸ್ಟ್ ಎಂಬ ಬೇರೆ ಬಗೆಯ ಕೋಶಗಳಲ್ಲಿ ಒರಿಜಿನ್ ಇದೆ, ಅಲ್ಲಿ ಅದು ಅಷ್ಟು ಮುರಿಯುವುದಿಲ್ಲ. ಇಂಥ ಉತ್ತರ ಸ್ಪ್ರೆಡಿಂಗ್‌ನಿಂದ ಬರುವುದು ಸಾಧ್ಯವೇ ಇಲ್ಲ.

ಇನ್ನು ಈಚಿನ ವರ್ಷಗಳ ಬಿಸಿ ವಿಷಯ, ಗ್ಯಾಪ್. ಇಲ್ಲಿ ನನ್ನ ಒಲವು ಮತ್ತೆ ಸ್ಪ್ರೆಡಿಂಗ್ ಕಡೆ. ಫೋರ್ಕ್‌ಗೆ ಅಡ್ಡಿ ಸಿಕ್ಕಾಗ ಪ್ರಿಮ್‌ಪೋಲ್ ಎಂಬ ಎಂಜೈಮ್ ಮುಂದೆ ಹೊಸ ಪ್ರೈಮರ್ (ನಕಲು ಶುರುಮಾಡಲು ಬೇಕಾದ ಸಣ್ಣ ತುಣುಕು) ಹಾಕಿ ಕೆಲಸ ಮುಂದುವರಿಸುತ್ತದೆ. ಹಿಂದೆ ಒಂಟಿ ಎಳೆಯ ಗ್ಯಾಪ್ ಉಳಿಯುತ್ತದೆ. ಪಾರ್ಪ್ ಎಂಬ ಎಂಜೈಮನ್ನು ತಡೆಯುವ ಕ್ಯಾನ್ಸರ್ ಔಷಧ ಓಲಾಪರಿಬ್ ಕೊಟ್ಟಾಗ ಫೋರ್ಕ್ ನಿಧಾನವಾಗುವ ಬದಲು ಜೋರಾಗಿ ಓಡುತ್ತದೆ ಎಂದು 2018ರಲ್ಲಿ ನೇಚರ್‌ನಲ್ಲಿ ಬಂತು. ಮಾಮೂಲಿಗಿಂತ 40% ಮೀರಿದರೆ ಡಿಎನ್‌ಎಗೆ ಹಾನಿ ಎಂದೂ ಅದರಲ್ಲಿತ್ತು. ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟ ಕೋಶಗಳನ್ನು ಈ ಔಷಧ ಕೊಲ್ಲಲು ಗ್ಯಾಪ್‌ಗಳೇ ಮುಖ್ಯ ಕಾರಣ ಎಂಬ ವಾದ 2021ರ ಹೊತ್ತಿಗೆ ಗಟ್ಟಿಯಾಯಿತು. ಎಲ್ಲರೂ ಒಪ್ಪಿಲ್ಲ, ಜಗಳ ನಡೆಯುತ್ತಲೇ ಇದೆ.

ಮಾಮೂಲಿ ಫೈಬರ್ ಚಿತ್ರದಲ್ಲಿ ಗ್ಯಾಪ್ ಕಾಣುವುದಿಲ್ಲ. ಕೆಲವು ನೂರು ಬೇಸ್‌ಗಳ ಖಾಲಿ ಜಾಗ ಮೈಕ್ರೋಸ್ಕೋಪಿನ ಕಣ್ಣಿಗೆ ಬೀಳದು. ಗೆರೆ ನೀಟಾಗಿ, ಉದ್ದವಾಗಿ ಕಂಡು ಎಲ್ಲಾ ಚೆನ್ನಾಗಿದೆ ಅನಿಸುತ್ತದೆ. ಇದಕ್ಕೆ ಉಪಾಯ ಎಸ್1 ನ್ಯೂಕ್ಲಿಯೇಸ್. ಕೋಶದ ಪೊರೆ ಸಡಿಲ ಮಾಡಿ, ನ್ಯೂಕ್ಲಿಯಸ್‌ಗಳಿಗೆ ಅರ್ಧ ಗಂಟೆ ಈ ಎಂಜೈಮ್ ಕೊಟ್ಟರೆ ಒಂಟಿ ಎಳೆ ಇರುವಲ್ಲೆಲ್ಲ ಅದು ಕತ್ತರಿಸುತ್ತದೆ. ಗ್ಯಾಪ್ ಇದ್ದರೆ ಗೆರೆ ಗಿಡ್ಡವಾಗುತ್ತದೆ. ಸ್ಪ್ರೆಡಿಂಗ್‌ನಲ್ಲಿ ಇದಕ್ಕೆ ಒಂದೆರಡು ಗಂಟೆ ಜಾಸ್ತಿ ಬೇಕು, ಅಷ್ಟೇ. ಪ್ಲಗ್‌ನೊಳಗೆ ಎಂಜೈಮ್ ಇಳಿಯಲು ಹೊತ್ತು ಹಿಡಿಯುತ್ತದೆ, ಎಲ್ಲಾ ಕಡೆ ಸಮನಾಗಿ ಇಳಿಯಿತೇ ಎಂಬ ಅನುಮಾನ ಬೇರೆ. ನಾನು ಅದನ್ನು ಕೈಬಿಟ್ಟೆ. ಒಂದು ಎಚ್ಚರಿಕೆ: ಔಷಧ ಇಲ್ಲದೆ ಎಸ್1, ಔಷಧ ಇದ್ದು ಬರೀ ಬಫರ್, ಈ ಎರಡು ಕಂಟ್ರೋಲ್ ಇಲ್ಲದ ಚಿತ್ರಕ್ಕೆ ಬೆಲೆ ಇಲ್ಲ.

ಫೋರ್ಕ್ ರಕ್ಷಣೆಯ ಪ್ರಯೋಗವೂ ಸ್ಪ್ರೆಡಿಂಗ್‌ನದೇ. ಎರಡು ಲೇಬಲ್ ಆದ ಮೇಲೆ ಹೈಡ್ರಾಕ್ಸಿಯೂರಿಯ ಜಾಸ್ತಿ ಕೊಟ್ಟು ಕೆಲವು ಗಂಟೆ ಫೋರ್ಕ್‌ಗಳನ್ನು ನಿಲ್ಲಿಸುತ್ತೇವೆ. ಬಿಆರ್‌ಸಿಎ2 ಇಲ್ಲದ ಕೋಶದಲ್ಲಿ ಎಂಆರ್‌ಇ11 ಎಂಬ ಎಂಜೈಮ್ ಹೊಸ ಎಳೆಯನ್ನು ತಿನ್ನುತ್ತಾ ಹೋಗುತ್ತದೆ, ಹಸಿರು ಗೆರೆ ಗಿಡ್ಡವಾಗುತ್ತದೆ. ನೋಡಬೇಕಾದ್ದು ಒಂದೇ ಎಳೆಯ ಮೇಲಿನ ಹಸಿರು ಮತ್ತು ಕೆಂಪಿನ ಅನುಪಾತ. ಎಳೆತ ಹೆಚ್ಚುಕಡಿಮೆ ಆದರೂ ಅನುಪಾತಕ್ಕೆ ಅಷ್ಟೇನೂ ಧಕ್ಕೆ ಇಲ್ಲ.

ಎರಡಕ್ಕೂ ಇರುವ ತಲೆನೋವು ಆಂಟಿಬಾಡಿ ಮತ್ತು ಎಣಿಸುವವರ ಕಣ್ಣು. ಐಡಿಯು ಹಿಡಿಯುವ ಆಂಟಿಬಾಡಿ ಸಿಎಲ್‌ಡಿಯುಗೂ ಅಂಟಲು ನೋಡುತ್ತದೆ. ಉಪ್ಪು ಜಾಸ್ತಿ ಇರುವ ಬಫರಿನಲ್ಲಿ ತೊಳೆಯಲೇಬೇಕು. ಎಣಿಸುವವರಿಗೆ ಯಾವ ಸ್ಲೈಡ್ ಯಾವುದೆಂದು ಗೊತ್ತಿರಬಾರದು. ನಮ್ಮಲ್ಲಿ ಹೆಸರು ಮುಚ್ಚಿ ನಂಬರ್ ಹಾಕುವ ಕೆಲಸ ಬೇರೆಯವರದು. ಯಾವ ಎಳೆ ಎಣಿಸಬೇಕು, ಯಾವುದು ಒಂದರ ಮೇಲೊಂದು ಬಿದ್ದಿದೆ ಅನ್ನುವಾಗ ಮನಸ್ಸು ತನಗೆ ಬೇಕಾದ ಕಡೆಗೇ ವಾಲುತ್ತದೆ, ಅಲ್ವಾ?

ನ್ಯಾನೋಪೋರ್ ಈ ಎರಡೂ ತಲೆನೋವನ್ನು ಒಟ್ಟಿಗೆ ತೆಗೆದುಹಾಕುತ್ತದೆ. ಆಂಟಿಬಾಡಿ ಇಲ್ಲ, ಕಣ್ಣಿನ ಎಣಿಕೆ ಇಲ್ಲ. ಡಿಎನ್‌ಎ ರಂಧ್ರದಲ್ಲಿ ಹಾದುಹೋಗುವಾಗ ಬಿಆರ್‌ಡಿಯು (ಇದೂ ಸಿಎಲ್‌ಡಿಯು ಥರದ ಲೇಬಲ್) ಇರುವಲ್ಲಿ ವಿದ್ಯುತ್ ಪ್ರವಾಹ ಸ್ವಲ್ಪ ಬೇರೆಯಾಗುತ್ತದೆ, ಸಾಫ್ಟ್‌ವೇರ್ ಅದನ್ನು ಗುರುತಿಸುತ್ತದೆ. 2019ರ ಡಿ-ನೇಸೆಂಟ್, 2020ರ ಫೋರ್ಕ್-ಸೆಕ್ ಎಂಬ ಎರಡು ವಿಧಾನಗಳೂ ಯೀಸ್ಟ್‌ನಲ್ಲಿ ಇದನ್ನು ಮಾಡಿ ತೋರಿಸಿದವು. ಗೊತ್ತಿರುವ ಒರಿಜಿನ್‌ಗಳ ಆಚೆಯೂ ಸಣ್ಣ ಪಾಲು ನಕಲು ಶುರುವಾಗುತ್ತದೆ ಎಂದು ಎರಡರಲ್ಲೂ ಕಂಡಿತು. ಸಾವಿರಾರು ಕೋಶಗಳ ಸರಾಸರಿಯಲ್ಲಿ ಇದು ಮುಚ್ಚಿಹೋಗಿತ್ತು. 2022ರ ನ್ಯಾನೋಫೋರ್ಕ್‌ಸ್ಪೀಡ್ 1,25,000ಕ್ಕೂ ಹೆಚ್ಚು ಫೋರ್ಕ್‌ಗಳ ವೇಗವನ್ನು ಜಾಗದ ಸಮೇತ ಕೊಟ್ಟಿತು. ಯೀಸ್ಟ್‌ನಲ್ಲಿ ವೇಗ ನಿಮಿಷಕ್ಕೆ ಸುಮಾರು 2 ಕಿಲೋಬೇಸ್, ತಡೆ ಇರುವುದು ಮೊದಲೇ ಗೊತ್ತಿದ್ದ ಜಾಗಗಳನ್ನು ಬಿಟ್ಟರೆ ಎಲ್ಲಾ ಕಡೆ ಒಂದೇ. ಸ್ಲೈಡಿನ ಮೇಲೆ ಕೆಲವು ನೂರು ಗೆರೆ ಅಳೆದು ಕತ್ತು ನೋಯಿಸಿಕೊಳ್ಳುವ ನಮಗೆ ಆ ಸಂಖ್ಯೆ ನೋಡಿದರೇ ಹೊಟ್ಟೆಯುರಿ.

ಯೀಸ್ಟ್‌ನಲ್ಲಿ ನನಗೂ ಇದು ಸಲೀಸಾಗಿಯೇ ಬಂತು. ಲೇಬಲ್ ಬಳಸಿಕೊಳ್ಳಲು ಥೈಮಿಡಿನ್ ಕೈನೇಸ್ ಜೀನ್ ಸೇರಿಸಿದ ತಳಿ ಬೇಕು ಅನ್ನುವುದು ಬಿಟ್ಟರೆ ದೊಡ್ಡ ಅಡ್ಡಿ ಇಲ್ಲ. ಮನುಷ್ಯನ ಕೋಶಕ್ಕೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. 10 ಗಿಗಾಬೇಸ್ (1,000 ಕೋಟಿ ಬೇಸ್) ಓದಿದರೆ ಯೀಸ್ಟ್‌ನ 1.2 ಕೋಟಿ ಬೇಸ್‌ಗಳ ಜಿನೋಮಿಗೆ 800 ಪಟ್ಟಿಗೂ ಹೆಚ್ಚು ಓದು ಸಿಗುತ್ತದೆ. ಮನುಷ್ಯನದಕ್ಕೆ ಬರೀ 3 ಪಟ್ಟು. ಅದರಲ್ಲೂ ಲೇಬಲ್ ಬಿದ್ದ ಓದುಗಳು ಒಂದಿಷ್ಟೇ. ಎಫ್‌ಆರ್‌ಎ3ಬಿಯಂಥ ಒಂದೇ ಜಾಗದ ಮೇಲೆ ಕಣ್ಣಿಟ್ಟಿದ್ದರೆ ಕೈಗೆ ಏನೂ ಸಿಗದೆ ಹೋಗಬಹುದು. ಫೋರ್ಕ್ 20 ನಿಮಿಷದಲ್ಲಿ 20 ಕಿಲೋಬೇಸ್‌ಗೂ ಹೆಚ್ಚು ಹೋಗುವುದರಿಂದ ಎರಡು ಲೇಬಲ್ ಪೂರ್ತಿ ಕಾಣಲು ತುಂಬಾ ಉದ್ದದ ಓದು ಬೇಕು. ಹಾಗಾಗಿ ಲೇಬಲ್ ಸಮಯ ಕಡಿಮೆ ಮಾಡಿಕೊಳ್ಳಬೇಕಾಯಿತು. ಕಚ್ಚಾ ಸಿಗ್ನಲ್ ಫೈಲುಗಳು ಡಿಸ್ಕ್ ತುಂಬಿಸುತ್ತವೆ, ಜಿಪಿಯು ಇಲ್ಲದೆ ಮುಂದೆ ಹೋಗಲಾಗದು.

ಗ್ಯಾಪ್ ವಿಷಯದಲ್ಲೂ ಇದು ಕೈಕೊಡುತ್ತದೆ. ಹೊಸ ಎಳೆಯಲ್ಲಿ ಗ್ಯಾಪ್ ಇದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಡಿಎನ್‌ಎ ತೆಗೆಯುವಾಗ ತುಂಡಾದ ಎಳೆಯ ಓದೂ ಹಾಗೆಯೇ ನಿಲ್ಲುತ್ತದೆ. ಒಂದೊಂದು ಓದನ್ನು ಹಿಡಿದು ಯಾವುದು ಯಾವುದೆಂದು ಹೇಳಲಾಗದು. ಓಲಾಪರಿಬ್ ಪ್ರಯೋಗಗಳನ್ನು ಅದಕ್ಕೇ ಇವತ್ತಿಗೂ ಸ್ಲೈಡ್ ವಾಲಿಸಿ, ಎಸ್1 ಹಾಕಿಯೇ ಮಾಡುತ್ತಿದ್ದೇನೆ.