ಕುದುರೆ ಬೆನ್ನೋ, ಹವಳದ ನೀರೋ: ಕೊಡಗಿನಿಂದ ದ್ವೀಪಕ್ಕೆ ಹನಿಮೂನ್ ಹೋಗುವವರಿಗೆ ಒಂದು ಹೋಲಿಕೆ

ಕೊಡಗಿನಲ್ಲಿ ಮದುವೆಗಳು ಎರಡು ಕಾಲದಲ್ಲಿ ಒತ್ತಾಗಿ ಬರುತ್ತವೆ. ಹೂಮಳೆ ಆಗಿ ತೋಟದ ಕೆಲಸ ಸ್ವಲ್ಪ ಸಡಿಲವಾಗುವ ಏಪ್ರಿಲ್-ಮೇ ಒಂದು, ಮಳೆಗಾಲ ಕಳೆದು ಹುತ್ತರಿಯ ಆಸುಪಾಸಿನ ನವೆಂಬರ್-ಡಿಸೆಂಬರ್ ಇನ್ನೊಂದು. ದ್ವೀಪ ಆರಿಸುವಾಗ ಮೊದಲು ನೋಡಬೇಕಾದದ್ದು ಈ ತಿಂಗಳನ್ನು. ಹೋಟೆಲಿನ ಫೋಟೋ ಆಮೇಲೆ.

ಮೇ ತಿಂಗಳಲ್ಲಿ ಮದುವೆಯಾದವರಿಗೆ ಅಂಡಮಾನ್ ಹೇಳಿಮಾಡಿಸಿದ್ದಲ್ಲ. ಮುಂಗಾರು ಕೇರಳಕ್ಕಿಂತ ಮೊದಲೇ ಅಲ್ಲಿಗೆ ತಲುಪುತ್ತದೆ. ಸಮುದ್ರ ಏಳುತ್ತದೆ, ಬೋಟುಗಳು ನಿಲ್ಲುತ್ತವೆ, ನೀರು ಕದಡಿ ಹವಳ ಕಾಣುವುದೇ ಇಲ್ಲ. ಅದೇ ತಿಂಗಳಲ್ಲಿ ಮಾರಿಷಸ್ ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ಅದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 20 ಡಿಗ್ರಿಯಲ್ಲಿದೆ. ಚಂಡಮಾರುತದ ಕಾಲ ಮುಗಿದಿರುತ್ತದೆ, ಸೆಕೆ ಇಳಿದಿರುತ್ತದೆ, ನೀರು ಇನ್ನೂ 25-26 ಡಿಗ್ರಿ ಬೆಚ್ಚಗಿರುತ್ತದೆ. ಡಿಸೆಂಬರ್ ಮದುವೆಯವರಿಗೆ ಲೆಕ್ಕ ತಿರುಗುತ್ತದೆ. ಆಗ ಅಂಡಮಾನಿನ ನೀರು ತಿಳಿಯಾಗುತ್ತಾ ಬಂದಿರುತ್ತದೆ. ಮಾರಿಷಸ್‌ನಲ್ಲಿ ಸೆಕೆ, ನಡುನಡುವೆ ಮಳೆ. ಚಂಡಮಾರುತದ ಭಯ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ.

ಕುದುರೆಯೂ ಬೇಕು, ಹವಳವೂ ಬೇಕು ಅನ್ನುವವರು ಮಾರಿಷಸ್‌ಗೇ ಹೋಗಬೇಕು. ಅಂಡಮಾನಿಗೆ ಕುದುರೆ ಸವಾರಿಯನ್ನು ನೆಚ್ಚಿಕೊಂಡು ಟಿಕೆಟ್ ಮಾಡಬೇಡಿ. ಲಕ್ಷದ್ವೀಪದ ನೀರು ಸೊಗಸು, ಆದರೆ ಮೊದಲೇ ಪರ್ಮಿಟ್ ಆಗಬೇಕು. ಮದುವೆ ಓಡಾಟದ ನಡುವೆ ಆ ಕಾಗದಪತ್ರಕ್ಕೆ ಯಾರನ್ನಾದರೂ ನಿಯಮಿಸಬೇಕಾಗುತ್ತದೆ. ನಮ್ಮ ಮುರುಡೇಶ್ವರದ ನೇತ್ರಾಣಿ ದ್ವೀಪ ಹತ್ತಿರ ಹೌದು, ಆದರೆ ಅದು ತೆರೆದ ಸಮುದ್ರ. ಬೋಟಿನಿಂದ ನೇರ ಆಳದ ನೀರಿಗೇ ಇಳಿಯಬೇಕು, ಕಾಲೂರಲು ಜಾಗವಿಲ್ಲ. ಮೊದಲ ಸಲದವರಿಗೆ ನಾವು ಅದನ್ನು ಹೇಳುವುದಿಲ್ಲ.

ಮೊದಲು ನೀರಿನ ಮಾತು

ಹ್ಯಾವ್‌ಲಾಕ್‌ನ (2018ರಿಂದ ಸ್ವರಾಜ್ ದ್ವೀಪ) ಎಲಿಫೆಂಟ್ ಬೀಚ್ ಮತ್ತು ಮಾರಿಷಸ್‌ನ ಬ್ಲೂ ಬೇ, ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡೋಣ.

ಎಲಿಫೆಂಟ್ ಬೀಚಿಗೆ ಜೆಟ್ಟಿಯಿಂದ ಬೋಟಿನಲ್ಲಿ ಹೋಗಬಹುದು, ಕಾಡಿನ ದಾರಿಯಲ್ಲಿ ನಡೆದೂ ಹೋಗಬಹುದು. ನಮ್ಮ ಕಡೆಯವರಿಗೆ ಆ ನಡಿಗೆ ಏನೂ ಅಲ್ಲ, ಆದರೆ ಮಳೆ ಬಿದ್ದಿದ್ದರೆ ಕೆಸರು. ಸ್ನಾರ್ಕೆಲಿಂಗ್ ಅಂದರೆ ಮಾಸ್ಕ್, ಉಸಿರಿನ ಕೊಳವೆ ಹಾಕಿಕೊಂಡು ಮುಖ ನೀರಲ್ಲಿಟ್ಟು ತೇಲುತ್ತಾ ನೋಡುವುದು. ಅಲ್ಲಿ ಸಾಮಾನ್ಯವಾಗಿ ಕೊಡುವುದು, ಗೈಡ್ ನಿಮ್ಮನ್ನು ಗಾಳಿ ತುಂಬಿದ ಟ್ಯೂಬಿಗೆ ಹಿಡಿಸಿ ಎಳೆದುಕೊಂಡು ಹೋಗಿ ತೋರಿಸುವುದು. ಈಜು ಬಾರದವರಿಗೆ ಇದರಷ್ಟು ನಿಶ್ಚಿಂತೆ ಬೇರೆ ಇಲ್ಲ. ಕೊರತೆ ಸಮಯದ್ದು. ಕಣ್ಣು ನೀರಿಗೆ ಹೊಂದಿಕೊಂಡು ಉಸಿರು ನಿಧಾನವಾಗುವಷ್ಟರಲ್ಲಿ ದಡಕ್ಕೆ ತಂದು ಬಿಡುತ್ತಾರೆ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಉದ್ದದ ಸುತ್ತು ಕೇಳಿ, ಇಬ್ಬರಿಗೆ ಒಬ್ಬ ಗೈಡ್ ಸಾಕು. ಅಲ್ಲಿನ ಆಳವಿಲ್ಲದ ಕಡೆಯ ಹವಳ 2010ರ ಬಿಳಿಚುವಿಕೆಯಲ್ಲಿ (ನೀರು ಕಾದು ಹವಳ ಬಣ್ಣಗೆಡುವುದು) ಬಹಳ ಪೆಟ್ಟು ತಿಂದಿತು. ಹಾಗಾಗಿ ದಡದ ಪಕ್ಕದಲ್ಲೇ ಬಣ್ಣದ ತೋಟ ಸಿಗುತ್ತದೆ ಅಂದುಕೊಳ್ಳಬೇಡಿ; ಮೀನು ಮಾತ್ರ ಧಾರಾಳ.

ಬ್ಲೂ ಬೇ ಇರುವುದು ಮಾರಿಷಸ್‌ನ ಆಗ್ನೇಯದಲ್ಲಿ, ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ಸಂರಕ್ಷಿತ ಸಾಗರ ಉದ್ಯಾನ ಅದು, 2008ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೊರಗಿನ ಬಂಡೆಸಾಲು ದೊಡ್ಡ ಅಲೆಯನ್ನು ತಡೆಯುವುದರಿಂದ ಒಳಗಿನ ನೀರು ಗಾಳಿಯಿಲ್ಲದ ದಿನ ಕೆರೆಯ ಹಾಗೆ. ಗಾಜಿನ ತಳದ ಬೋಟಿನಲ್ಲಿ ಕರೆದುಕೊಂಡು ಹೋಗಿ, ಹವಳದ ಮೇಲೆ ನಿಲ್ಲಿಸಿ, ನೀರಿಗೆ ಇಳಿಸುತ್ತಾರೆ. ಜೋಡಿಯಲ್ಲಿ ಒಬ್ಬರಿಗೆ ನೀರೆಂದರೆ ಹೆದರಿಕೆಯಿದ್ದರೂ ಅವರು ಬೋಟಿನಲ್ಲಿ ಕೂತೇ ಕೆಳಗಿನದನ್ನು ನೋಡಬಹುದು. ಹನಿಮೂನಿನಲ್ಲಿ ಇದು ಸಣ್ಣ ಮಾತಲ್ಲ. ಹೊಳೆಯ ಸೆಳೆತಕ್ಕೆ ಹೆದರಿಸಿಯೇ ನಮ್ಮಲ್ಲಿ ಮಕ್ಕಳನ್ನು ಬೆಳೆಸುತ್ತಾರೆ, ದೊಡ್ಡವರಾದ ಮೇಲೂ ಆ ಹೆದರಿಕೆ ಹೋಗಿರುವುದಿಲ್ಲ. ಅದನ್ನು ಮೊದಲ ವಾರದಲ್ಲೇ ಬಲವಂತವಾಗಿ ಬಿಡಿಸಹೋಗಬೇಡಿ.

ಎರಡು ಕಡೆಯೂ ವಿಚಾರಿಸಬೇಕಾದ ಪ್ರಶ್ನೆ ಬೇರೆ ಬೇರೆ. ಹ್ಯಾವ್‌ಲಾಕ್‌ನಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಎರಡು ಮೀಟರಿನಷ್ಟಾಗುತ್ತದೆ. ಪೂರ್ತಿ ಇಳಿತದಲ್ಲಿ ಹವಳ ಹೊಟ್ಟೆಗೆ ತಾಗುವಷ್ಟು ಮೇಲಿರುತ್ತದೆ, ಮೊಣಕಾಲು ಗೀರಿಕೊಳ್ಳುತ್ತದೆ. ಅಲ್ಲಿ ಕೇಳಬೇಕಾದದ್ದು ನೀರು ಯಾವಾಗ ಏರುತ್ತದೆ ಅಂತ. ಮಾರಿಷಸ್‌ನಲ್ಲಿ ಆ ವ್ಯತ್ಯಾಸ ಅರ್ಧ ಮೀಟರಿನ ಆಚೀಚೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಗಾಳಿ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಬಿಡದೆ ಬೀಸುತ್ತದೆ, ಬ್ಲೂ ಬೇ ಅದಕ್ಕೆ ಎದೆಯೊಡ್ಡಿ ನಿಂತಿದೆ. ಆ ತಿಂಗಳುಗಳಲ್ಲಿ ಹೋದವರು ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಅಥವಾ ವಾಯವ್ಯದ ತ್ರು ಓ ಬಿಶ್ ಕಡೆ ಇಳಿಯುವುದು ಮೇಲು. ಯಾವ ತಿಂಗಳಾದರೂ ಬೆಳಗಿನ ಮೊದಲ ಬೋಟೇ ಸರಿ. ಹೊತ್ತೇರಿದಂತೆ ಗಾಳಿಯೂ ಏರುತ್ತದೆ, ಕೊಳವೆಗೆ ನೀರು ನುಗ್ಗುತ್ತದೆ.

ಇಡೀ ದಿನದ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಪ್ಯಾಕೇಜಿನಲ್ಲಿ ಊಟ, ಹಾಡು, ಡೆಕ್ಕಿನ ಬಿಸಿಲು ಎಲ್ಲ ಇದೆ. ಸ್ನಾರ್ಕೆಲಿಂಗ್ ಅರ್ಧ ಗಂಟೆ. ಸ್ನಾರ್ಕೆಲಿಂಗ್‌ಗೆಂದೇ ಅದನ್ನು ಕೊಳ್ಳಬೇಡಿ.

ಮಾಸ್ಕ್ ಕೂರದಿದ್ದರೆ ಎಲ್ಲವೂ ವ್ಯರ್ಥ

ಬೋಟಿನವರು ಕೊಡುವ ಮಾಸ್ಕಿನಲ್ಲಿ ಹತ್ತಕ್ಕೆ ನಾಲ್ಕು ನಿಮ್ಮ ಮುಖಕ್ಕೆ ಹೊಂದಿದರೆ ಪುಣ್ಯ. ಪರೀಕ್ಷೆ ಸುಲಭ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ನಿಲ್ಲದಿದ್ದರೆ ಪಟ್ಟಿ ಎಷ್ಟು ಬಿಗಿದರೂ ನೀರು ಬರುತ್ತದೆ. ಬಿಗಿದಷ್ಟೂ ಸಿಲಿಕೋನ್ ಅಂಚು ಸೊಟ್ಟಗಾಗಿ ಇನ್ನೂ ಹೆಚ್ಚು ಬರುತ್ತದೆ. ಪಟ್ಟಿ ಕಿವಿಯ ಮಟ್ಟಕ್ಕಿಂತ ಮೇಲೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಕೂದಲೆಳೆ ಒಂದೇ ಒಂದು ಅಂಚಿನ ಕೆಳಗೆ ಸಿಕ್ಕಿದರೂ ಅದರ ಗುಂಟ ನೀರು ಇಳಿಯುತ್ತದೆ.

ನಮ್ಮ ಗಂಡಸರ ಮೀಸೆಯ ವಿಷಯ ಇಲ್ಲೇ ಬರುತ್ತದೆ. ದಪ್ಪ ಮೀಸೆಯ ಮೇಲೆ ಅಂಚು ಕೂರುವುದಿಲ್ಲ, ಮೂಗಿನ ಕೆಳಗಿನಿಂದ ನೀರು ಜಿನುಗುತ್ತಲೇ ಇರುತ್ತದೆ. ಮದುವೆಗೆ ತಿದ್ದಿಸಿದ ಮೀಸೆಯನ್ನು ತೆಗೆಯಬೇಕಾಗಿಲ್ಲ. ಮೂಗಿನ ಹೊಳ್ಳೆಗೆ ತಾಗಿದಂತೆ ಮೂರ್ನಾಲ್ಕು ಮಿಲಿಮೀಟರ್ ಅಗಲದ ಒಂದು ಗೆರೆ ಬೋಳಿಸಿ, ಅಂಚು ಆ ಚರ್ಮದ ಮೇಲೆ ಕೂರುತ್ತದೆ. ಉಳಿದದ್ದಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ವ್ಯಾಸಲೀನ್ ಹಚ್ಚುವವರಿದ್ದಾರೆ, ಅದು ರಬ್ಬರನ್ನು ಕ್ರಮೇಣ ಹಾಳುಮಾಡುತ್ತದೆ.

ಸ್ವಂತ ಮಾಸ್ಕ್ ಕೊಳ್ಳುವುದಾದರೆ ಮನೆಯಲ್ಲೇ ಗಾಜಿನ ಒಳಬದಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಕಾರ್ಖಾನೆಯ ಜಿಡ್ಡು ಉಳಿದಿದ್ದರೆ ಏನು ಮಾಡಿದರೂ ಗಾಜು ಮಂಜಾಗುತ್ತದೆ. ನೀರಿಗಿಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ಮಾತ್ರ ಜಾಲಾಡಿಸಿ. ಮುಖವಿಡೀ ಮುಚ್ಚುವ ಮಾಸ್ಕ್ ಬೇಡ. ಒಳಗೆ ಬಿಟ್ಟ ಉಸಿರು ಸರಿಯಾಗಿ ಹೊರಹೋಗದಿದ್ದರೆ ಅದನ್ನೇ ಮತ್ತೆ ಎಳೆದುಕೊಂಡು ತಲೆ ತಿರುಗುತ್ತದೆ, ಗಾಬರಿಯಲ್ಲಿ ತಟ್ಟನೆ ಕಿತ್ತು ತೆಗೆಯಲೂ ಕಷ್ಟ.

ಕೊಳವೆಗೆ ನೀರು ನುಗ್ಗಿದರೆ ತಲೆ ಎತ್ತಬೇಡಿ. ಹಾಗೇ ಮುಖ ಕೆಳಗಿಟ್ಟು "ಟುಹ್" ಅಂತ ಒಂದೇ ರಭಸಕ್ಕೆ ಊದಿ, ಮುಂದಿನ ಉಸಿರನ್ನು ಹುಷಾರಾಗಿ ಸ್ವಲ್ಪವೇ ಎಳೆಯಿರಿ. ಇದನ್ನು ಹೊರಡುವ ಮೊದಲು ಈಜುಕೊಳದಲ್ಲಿ, ಎದೆಮಟ್ಟದ ನೀರಲ್ಲಿ, ಇಪ್ಪತ್ತು ಸಲ ಮಾಡಿ. ದುಬಾರೆಯ ಹೊಳೆಯಲ್ಲಿ ಬೇಡ. ಮೇಲೆ ಶಾಂತವಾಗಿ ಕಂಡರೂ ಬಂಡೆಯ ಪಕ್ಕ ಸೆಳೆತವಿರುತ್ತದೆ.

ಪತ್ತಾಕ್ ಆಗಲಿ, ಕರಿಮಣಿಯಾಗಲಿ ರೂಮಿನ ಲಾಕರಿನಲ್ಲಿರಲಿ. ಲೈಫ್ ಜಾಕೆಟ್ಟಿನ ಕ್ಲಿಪ್ಪಿಗೆ ಸಿಕ್ಕಿ ಹರಿಯುವುದು ಅದೇ. ನೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಹೊಸ ಉಂಗುರ ಗೊತ್ತೇ ಆಗದೆ ಜಾರುತ್ತದೆ. ಬೆನ್ನಿಗೆ ಸನ್‌ಸ್ಕ್ರೀನ್ ಬಳಿಯುವ ಬದಲು ಉದ್ದ ತೋಳಿನ ಈಜುಬಟ್ಟೆ ಹಾಕಿ. ಎಲ್ಲರೂ ಮರೆಯುವ ಜಾಗ ಮೊಣಕಾಲಿನ ಹಿಂಬದಿ. ತಲೆ ಕೆಳಗಿಟ್ಟು ತೇಲುವಾಗ ಬಿಸಿಲು ನೇರ ಬೀಳುವುದು ಅಲ್ಲಿಗೆ.

ಇನ್ನು ಕುದುರೆ

ಮಾರಿಷಸ್‌ನಲ್ಲಿ ಸವಾರಿ ಮೂರು ಬಗೆ: ಲೆ ಮೋರ್ನ್ ಅಥವಾ ರಿಯಾಂಬೆಲ್‌ನ ಮರಳಿನ ಮೇಲೆ, ಶಾಮರೆಲ್‌ನ ಗುಡ್ಡದ ದಾರಿಯಲ್ಲಿ, ಇಲ್ಲವೇ ಕುದುರೆಯನ್ನು ಸಮುದ್ರಕ್ಕೇ ಇಳಿಸಿ.

ಶಾಮರೆಲ್ ಚೆಂದದ ಊರು. ಅಲ್ಲಿ ಅರೇಬಿಕಾ ಕಾಫಿಯನ್ನೂ ಬೆಳೆಯುತ್ತಾರೆ. ಆದರೆ ಸೋಮವಾರಪೇಟೆಯಿಂದಲೋ ವಿರಾಜಪೇಟೆಯಿಂದಲೋ ಅಷ್ಟು ದೂರ ಹೋಗಿ ಕಾಫಿಗಿಡ, ಗುಡ್ಡ ನೋಡುವುದಕ್ಕಿಂತ ಸಮುದ್ರದಂಚಿನ ಸವಾರಿಗೇ ನಮ್ಮ ಮತ. ಇನ್ನೊಂದು ಕಾರಣವೂ ಇದೆ: ಇಳಿಜಾರಿನಲ್ಲಿ ಹೊಸಬರು ಮುಂದಕ್ಕೆ ಬಾಗುತ್ತಾರೆ, ಭಾರ ಕುದುರೆಯ ಮುಂಗಾಲಿಗೆ ಬೀಳುತ್ತದೆ, ಅದು ಮುಗ್ಗರಿಸುತ್ತದೆ. ಮರಳು ಸಮತಟ್ಟು, ಬಿದ್ದರೂ ಮೆತ್ತಗೆ.

ಲೆ ಮೋರ್ನ್ ಮತ್ತು ರಿಯಾಂಬೆಲ್ ನಡುವೆ ಆರಿಸುವುದು ಹೊತ್ತಿನ ಮೇಲೆ. ಲೆ ಮೋರ್ನ್‌ನಲ್ಲಿ 556 ಮೀಟರಿನ ಬಂಡೆಬೆಟ್ಟ ತಲೆಯ ಮೇಲೇ ನಿಂತ ಹಾಗಿರುತ್ತದೆ, ಆ ನೋಟಕ್ಕೆ ಸಾಟಿಯಿಲ್ಲ. ಆದರೆ ಅದು ಗಾಳಿಪಟ ಕಟ್ಟಿಕೊಂಡು ನೀರಲ್ಲಿ ಜಾರುವ ಕೈಟ್‌ಸರ್ಫಿಂಗ್‌ಗೆ ಹೆಸರಾದ ಜಾಗ. ಗಾಳಿ ಎದ್ದ ಮೇಲೆ ಆ ದೊಡ್ಡ ಪಟಗಳು ಪಟಪಟ ಬಡಿದುಕೊಂಡು ಬಿದ್ದೇಳುತ್ತವೆ. ಕುದುರೆ ಬೆದರುವುದು ಇಂಥದ್ದಕ್ಕೇ. ಅಲ್ಲಿ ಬೆಳಗಿನ ಸವಾರಿ ಮಾತ್ರ ಹಿಡಿಯಿರಿ. ಸಂಜೆಯೇ ಬೇಕೆಂದರೆ ದಕ್ಷಿಣದ ರಿಯಾಂಬೆಲ್. ಮೇ-ಜೂನ್‌ನಲ್ಲಿ ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ನಾಲ್ಕಕ್ಕೆ ಕುದುರೆ ಹತ್ತಿದರೆ ಸರಿಹೋಗುತ್ತದೆ.

ಬುಕ್ ಮಾಡುವಾಗಲೇ ನಿಮ್ಮ ನಿಜವಾದ ತೂಕ ಹೇಳಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ರೂಢಿಯ ಲೆಕ್ಕ. 450 ಕಿಲೋ ಕುದುರೆಗೆ 90 ಕಿಲೋ, ಅದರಲ್ಲಿ ಜೀನಿನ ಹತ್ತು ಕಿಲೋ ಕಳೆದರೆ ಉಳಿಯುವುದು 80. ತೂಕವನ್ನೇ ಕೇಳದ ಲಾಯದವರಾದರೆ ಬೇರೆ ಕಡೆ ನೋಡಿ. ಕುದುರೆಯ ಹತ್ತಿರ ಹೋದಾಗ ಜೀನಿನ ಮುಂದೆ, ಹೆಗಲಿನ ಮೂಳೆಯ ಮೇಲೆ ಕಣ್ಣಾಡಿಸಿ. ಅಲ್ಲಿ ಕೂದಲು ಸವೆದು ಚರ್ಮ ಕೆಂಪಾಗಿದ್ದರೆ ಜೀನು ಹೊಂದುತ್ತಿಲ್ಲ, ಕುದುರೆ ನೋವಿನಲ್ಲಿದೆ. ಅದರ ಮೇಲೆ ಕೂರುವುದು ತಪ್ಪು. ನೋವಿರುವ ಕುದುರೆ ಒದೆಯುತ್ತದೆ ಅನ್ನುವುದು ಎರಡನೆಯ ಮಾತು.

ತೋಟದ ಗಮ್‌ಬೂಟ್ ಹಾಕಿ ಕುದುರೆ ಹತ್ತಬೇಡಿ. ಅದರ ಅಗಲವಾದ, ಹಲ್ಲುಹಲ್ಲಿನ ಅಡಿ ರಿಕಾಪಿನಲ್ಲಿ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆ) ಕಚ್ಚಿಕೊಳ್ಳುತ್ತದೆ. ಬಿದ್ದಾಗ ಕಾಲು ಬಿಡಿಸಿಕೊಳ್ಳದೆ ಕುದುರೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹಿಮ್ಮಡಿಯೇ ಇಲ್ಲದ ಶೂ ಹಾಕಿದರೆ ಪಾದ ಪೂರ್ತಿ ಒಳಗೆ ಜಾರುತ್ತದೆ, ಅದೂ ಅಪಾಯವೇ. ಅಡಿ ನುಣುಪಾಗಿದ್ದು ಸುಮಾರು ಒಂದಿಂಚು ಹಿಮ್ಮಡಿ ಇರುವ ಶೂ ಬೇಕು. ಜೀನ್ಸ್ ಪ್ಯಾಂಟಿನ ಒಳಹೊಲಿಗೆ ತೊಡೆಯನ್ನು ಉಜ್ಜಿ ಕೆಂಪು ಮಾಡುತ್ತದೆ, ಒಳಗೆ ಬಿಗಿಯಾದ ಟೈಟ್ಸ್ ಹಾಕಿ.

ಹತ್ತುವ ಮುಂಚೆ ರಿಕಾಪಿನ ಉದ್ದ ನೋಡಿಕೊಳ್ಳಿ: ಬೆರಳ ತುದಿಯನ್ನು ಜೀನಿನ ಹತ್ತಿರದ ಬಕಲ್ಲಿಗೆ ಇಟ್ಟರೆ ರಿಕಾಪು ಕಂಕುಳಕ್ಕೆ ತಾಗಬೇಕು. ಹತ್ತಿ ಐದು ನಿಮಿಷವಾದ ಮೇಲೆ ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿಯನ್ನು ಇನ್ನೊಮ್ಮೆ ಬಿಗಿಸಿಕೊಡಲು ಗೈಡ್‌ಗೆ ಹೇಳಿ. ಕಟ್ಟುವಾಗ ಹೊಟ್ಟೆ ಉಬ್ಬಿಸುವ ಕುದುರೆಗಳಿವೆ, ನಡೆಯತೊಡಗಿದ ಮೇಲೆ ಪಟ್ಟಿ ಸಡಿಲವಾಗಿ ಜೀನು ಪಕ್ಕಕ್ಕೆ ವಾಲುತ್ತದೆ. ಮೊದಲ ಸಲದವರಿಗೆ ಒಂದು ಗಂಟೆಯ ನಡಿಗೆ ಸಾಕು. ಕುಕ್ಕುಲೋಟ ಕೇಳಿದರೆ ಹೋಗುವಾಗ ಕೇಳಿ, ವಾಪಸು ಬರುವಾಗ ಬೇಡ. ಲಾಯದ ಕಡೆ ಮುಖ ಮಾಡಿದ ಕುದುರೆ ಹಿಡಿದಷ್ಟಕ್ಕೆ ನಿಲ್ಲುವುದಿಲ್ಲ. ನಡೆಸುವುದು ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ. ಒಣ ಮರಳಿನಲ್ಲಿ ಗೊರಸು ಹೂತು ಕಾಲಿನ ಸ್ನಾಯುಬಂಧ ಜಗ್ಗುತ್ತದೆ.

ಕುದುರೆಯ ಜೊತೆ ಸಮುದ್ರಕ್ಕಿಳಿಯುವುದು ಫೋಟೋದಲ್ಲಿ ಕಾಣುವುದಕ್ಕಿಂತ ಕಷ್ಟದ ಕೆಲಸ. ಜೀನಿಲ್ಲದೆ ಕೂರಬೇಕು, ಕುದುರೆ ಈಜತೊಡಗಿದಾಗ ನಿಮ್ಮ ದೇಹ ತೇಲಿ ಜಾರುತ್ತದೆ, ಆಗ ಹಿಡಿಯಬೇಕಾದದ್ದು ಕತ್ತಿನ ಕೂದಲನ್ನು. ಗಾಬರಿಯಲ್ಲಿ ಲಗಾಮು ಎಳೆದರೆ ಅದರ ತಲೆ ಹಿಂದಕ್ಕೆ ಬಂದು ಈಜು ಕೆಡುತ್ತದೆ. ಈಜು ಬಾರದವರಿಗೆ ಇದು ಬೇಡವೇ ಬೇಡ.

ಯಾವುದು ಮೊದಲು

ಎರಡನ್ನೂ ಒಂದೇ ದಿನಕ್ಕೆ ಸೇರಿಸಿದ ಪ್ಯಾಕೇಜ್ ಅಗ್ಗಕ್ಕೆ ಸಿಗುತ್ತದೆ, ಆದರೂ ಒಪ್ಪಿಕೊಳ್ಳಬೇಡಿ. ಕುದುರೆ ಮೊದಲಾದರೆ ಉಜ್ಜಿದ ತೊಡೆಗೆ ಉಪ್ಪುನೀರು ತಾಗಿ ಮೆಣಸಿನಪುಡಿ ಹಾಕಿದ ಹಾಗೆ ಉರಿಯುತ್ತದೆ. ನೀರು ಮೊದಲಾದರೆ ಬಿಸಿಲಿಗೆ ಸುಟ್ಟ ಮೀನಖಂಡಕ್ಕೆ ರಿಕಾಪಿನ ಚರ್ಮದ ಪಟ್ಟಿ ಉಜ್ಜುತ್ತದೆ. ತಲುಪಿದ ಮರುದಿನ ಬೆಳಿಗ್ಗೆ ಸ್ನಾರ್ಕೆಲಿಂಗ್, ಒಂದು ದಿನ ಬಿಡುವು, ಆಮೇಲೆ ಕುದುರೆ. ಗಾಳಿಯೋ ಮಳೆಯೋ ಬಂದು ಬೋಟ್ ರದ್ದಾದರೆ ಆ ಬಿಡುವಿನ ದಿನವೇ ಕೈಹಿಡಿಯುತ್ತದೆ. ಬುಕ್ಕಿಂಗಿನಲ್ಲಿ ಹವಾಮಾನದ ಕಾರಣಕ್ಕೆ ದಿನ ಬದಲಿಸಿಕೊಡುತ್ತಾರೆಯೇ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಪ್ರವಾಸದ ವಿಮೆಯಲ್ಲಿ ಕುದುರೆ ಸವಾರಿಯನ್ನು ಹೊರಗಿಟ್ಟಿರುವುದುಂಟು, ಆ ಪುಟವನ್ನೂ ಓದಿ.

ಸವಾರಿಯ ಕೊನೆಯಲ್ಲಿ ಕುದುರೆಯನ್ನು ಗೊರಸು ಮುಳುಗುವಷ್ಟು ನೀರಿಗೆ ನಡೆಸುತ್ತಾರೆ. ಅಲ್ಲಿ ಅದು ನಿಂತು, ತಲೆ ತಗ್ಗಿಸಿ, ಮುಂಗಾಲಿನಿಂದ ನೀರನ್ನು ಕೆರೆದು ಎರಚತೊಡಗಿದರೆ ಎಷ್ಟು ಮುದ್ದಾಗಿ ಕಂಡರೂ ಫೋಟೋಕ್ಕೆ ನಿಲ್ಲಬೇಡಿ. ಅದು ಮಲಗಿ ಹೊರಳುವ ಮುನ್ಸೂಚನೆ. ಲಗಾಮಿನಿಂದ ಅದರ ತಲೆ ಮೇಲೆತ್ತಿಸಿ, ಎರಡೂ ಹಿಮ್ಮಡಿ ಒತ್ತಿ, ಕೂಡಲೇ ಮುಂದಕ್ಕೆ ನಡೆಸಿ.