ಚಿಕ್ಕ ಬೆಡ್ಡಿನ ಪಿಕಪ್‌ಗೆ ಫಿಫ್ತ್ ವೀಲ್ ಟ್ರೈಲರ್ ಕಟ್ಟುವ ಮುನ್ನ ಅಳತೆ ಹಿಡಿಯಿರಿ

ಕೊಲರಾಡೊದಲ್ಲಿ ನೆಲೆಸಿರುವ ನಾವು ಕಳೆದ ಬೇಸಿಗೆಯಲ್ಲಿ ಫಿಫ್ತ್ ವೀಲ್ ಟ್ರೈಲರ್, ಅಂದರೆ ಪಿಕಪ್‌ನ ಹಿಂದಿನ ಸಾಮಾನಿನ ತೊಟ್ಟಿಯೊಳಗೆ (ಬೆಡ್) ಕೂರಿಸಿದ ಕೊಂಡಿಗೆ (ಹಿಚ್) ಸಿಕ್ಕಿಸಿ ಎಳೆಯುವ ಮನೆಯಂಥ ಗಾಡಿ ಕೊಂಡು, ಮೊದಲ ಪ್ರವಾಸಕ್ಕೆ ಯೂಟಾದ ಮೋಆಬ್‌ಗೆ ಹೋಗಿದ್ದೆವು. ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೈಲರನ್ನು ಹಿಮ್ಮುಖವಾಗಿ ನಮ್ಮ ಜಾಗಕ್ಕೆ ತಿರುಗಿಸುತ್ತಿದ್ದಾಗ ಅದರ ಮೂಲೆ ಪಿಕಪ್‌ನ ಹಿಂಬದಿ ಗಾಜಿಗೆ ಒತ್ತಿ, ಗಾಜು ಪುಡಿಯಾಗಿ ಹಿಂದಿನ ಸೀಟಿನ ಮೇಲೆಲ್ಲ ಚೆಲ್ಲಿತು. ಮಗಳು ಆ ಸೀಟಿನಿಂದ ಇಳಿದು ಐದು ನಿಮಿಷವೂ ಆಗಿರಲಿಲ್ಲ. ಅವಳು ಬಿಟ್ಟುಹೋಗಿದ್ದ ಚಿತ್ರದ ಪುಸ್ತಕದ ಹಾಳೆಗಳ ನಡುವೆ ಗಾಜಿನ ಹರಳುಗಳು ಸಿಕ್ಕಿಕೊಂಡಿದ್ದವು.

ಕಾರಣ ಬಹಳ ಸರಳವಾಗಿತ್ತು. ನಮ್ಮ ಟ್ರೈಲರಿನ ಅಗಲ 102 ಇಂಚು, ಅಂದರೆ ಹಿಚ್ಚಿಗೆ ಸಿಕ್ಕಿಕೊಳ್ಳುವ ಟ್ರೈಲರಿನ ಗೂಟವಾದ ಕಿಂಗ್‌ಪಿನ್‌ನಿಂದ ಪಕ್ಕದ ಗೋಡೆಗೆ 51 ಇಂಚು. ಆರೂವರೆ ಅಡಿ ಬೆಡ್ಡಿನ ನಮ್ಮ ಪಿಕಪ್‌ನಲ್ಲಿ ಹಿಚ್‌ನ ನಡುಬಿಂದುವಿನಿಂದ ಕ್ಯಾಬಿಗೆ (ಜನ ಕೂರುವ ಭಾಗಕ್ಕೆ) ಇದ್ದದ್ದು 44 ಇಂಚು ಮಾತ್ರ. ಎರಡೂ ವಾಹನಗಳು ಲಂಬಕೋನಕ್ಕೆ ಬಂದರೆ ಏಳು ಇಂಚು ಎಲ್ಲಿಂದ ಬರಬೇಕು? ಹಿಚ್ ಹಾಕಿಕೊಟ್ಟವರು ಇದನ್ನು ಹೇಳಲಿಲ್ಲ, ನಾನೂ ಟೇಪು ಹಿಡಿದು ನೋಡಲಿಲ್ಲ.

ನಮ್ಮದು ಲಿವರನ್ನು ಕೈಯಿಂದ ಬಿಡಿಸಿ ಹಿಂದೆ ಮುಂದೆ ಸರಿಸಬಹುದಾದ ಸ್ಲೈಡರ್ ಹಿಚ್ ಆಗಿದ್ದರಿಂದ ಉಪಾಯ ಕೈಯಲ್ಲೇ ಇತ್ತು. ತಿರುಗಿಸುವ ಮೊದಲೇ ಎರಡೂ ವಾಹನಗಳನ್ನು ನೇರವಾಗಿ ನಿಲ್ಲಿಸಿ, ಲಿವರ್ ಬಿಡಿಸಿ, ಟ್ರೈಲರಿನ ಬ್ರೇಕು ಮಾತ್ರ ಹಿಡಿದು ಪಿಕಪ್ಪನ್ನು ನಿಧಾನವಾಗಿ ಮುಂದೆ ತಂದರೆ ಹಿಚ್ ಹಿಂದಕ್ಕೆ ಸರಿಯುತ್ತದೆ. ನಮ್ಮದು ಸರಿಯುವುದು 12 ಇಂಚು. ಸ್ಲೈಡರಿನ ಪಿನ್ ಮತ್ತೆ ಲಾಕ್ ಆಗಿರುವುದನ್ನು ಕೆಳಗಿಳಿದು ಕಣ್ಣಾರೆ ನೋಡಲೇಬೇಕು. ಹೆದ್ದಾರಿಗೆ ಮರಳುವ ಮುನ್ನ ಹಿಚ್ ಮುಂದಿನ ಸ್ಥಾನಕ್ಕೆ ಬರಬೇಕು, ಇಲ್ಲದಿದ್ದರೆ ಭಾರ ಹಿಂದಿನ ಆ್ಯಕ್ಸಲ್‌ಗಿಂತಲೂ ಹಿಂದೆ ಬಿದ್ದು ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗಿನ ಹಿಡಿತ ತಪ್ಪುತ್ತದೆ. ಬೆಡ್ಡು ಎಂಟು ಅಡಿಯದಾದರೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ.

ಎತ್ತರದ ವಿಷಯದಲ್ಲೂ ನಾವು ಮೋಸಹೋಗಿದ್ದೆವು. ಹಿಚ್ಚಿನ ತಲೆಯನ್ನು ಅತ್ಯಂತ ಮೇಲಿನ ತೂತಿಗೆ ಕಟ್ಟಿದ್ದರಿಂದ ಟ್ರೈಲರಿನ ಮೂತಿ ಮೇಲೆದ್ದು, ಅದರ ಹಿಂದಿನ ಆ್ಯಕ್ಸಲ್ ಮೇಲೆ ಹೆಚ್ಚಿನ ಭಾರ ಬೀಳುತ್ತಿತ್ತು. ಒಂದು ತೂತು ಇಳಿಸಿದ ಮೇಲೆ ಟ್ರೈಲರ್ ಸಮಮಟ್ಟಕ್ಕೆ ಬಂತು, ಬೆಡ್ಡಿನ ಅಂಚಿಗೂ ಟ್ರೈಲರಿನ ತಳಕ್ಕೂ ನಡುವೆ ಆರು ಇಂಚು ಉಳಿಯಿತು. ಅದಕ್ಕಿಂತ ಕಡಿಮೆ ಬಿಟ್ಟರೆ ಏರುತಗ್ಗಿನ ದಾರಿಯಲ್ಲಿ ತಳ ಬಂದು ಬೆಡ್ಡಿನ ಅಂಚನ್ನೇ ಜಜ್ಜಬಹುದು. ಈ ಅಳತೆಗಳನ್ನೆಲ್ಲ ಖಾಲಿ ಟ್ರೈಲರಿನಲ್ಲಿ ಹಿಡಿಯಬೇಡಿ. ಸಾಮಾನು ತುಂಬಿ, ಪಿಕಪ್‌ನ ಸ್ಪ್ರಿಂಗು ಕುಸಿದ ನಂತರ ಹಿಡಿಯಿರಿ.